ಮೂರ್ಛೆರೋಗಿಗಳಿಗೆ ಮಿದುಳಿನ ತರಂಗ ಪರೀಕ್ಷೆ: ಮನೆಯವರು ತಿಳಿದಿರಬೇಕಾದದ್ದು

ಮೂರ್ಛೆರೋಗಕ್ಕೆ ಮಾತ್ರೆ ಸೇವಿಸುತ್ತಿರುವವರಿಗೆ ವೈದ್ಯರು ಇ.ಇ.ಜಿ. ಪರೀಕ್ಷೆ ಬರೆದುಕೊಟ್ಟೊಡನೆ ಮನೆಯಲ್ಲಿ ಏಳುವ ಮೊದಲ ಪ್ರಶ್ನೆ, ಅಂದು ಮಾತ್ರೆ ನುಂಗಬೇಕೋ ಬೇಡವೋ ಎಂಬುದು. ರಕ್ತಪರೀಕ್ಷೆಗೆ ಬರಿಹೊಟ್ಟೆಯಲ್ಲಿ ಹೋಗುವ ರೂಢಿ ನಮಗಿದೆ. ಅದರಂತೆಯೇ ಮಾತ್ರೆಯನ್ನೂ ಬಿಟ್ಟು ಹೋದರೆ ರೋಗದ ನಿಜಸ್ವರೂಪ ಯಂತ್ರಕ್ಕೆ ಸಿಕ್ಕೀತೆಂದು ಹಿರಿಯರು ತರ್ಕಿಸುತ್ತಾರೆ. ತರ್ಕ ಮೇಲ್ನೋಟಕ್ಕೆ ಸರಿಯಾಗಿ ಕಂಡರೂ ಅದರ ಫಲ ಪ್ರಾಣಾಂತಿಕವಾಗಬಹುದು. ಬಹುಕಾಲ ಸೇವಿಸಿದ ಔಷಧವನ್ನು ಹಠಾತ್ತನೆ ನಿಲ್ಲಿಸಿದರೆ ಸೆಳವುಗಳು ಒಂದರ ಮೇಲೊಂದು ಬಂದು, ನಡುವೆ ಪ್ರಜ್ಞೆಯೇ ಮರಳದ ಸ್ಥಿತಿ ಒದಗುವುದುಂಟು. ಆದುದರಿಂದ ತಜ್ಞರು ಸ್ಪಷ್ಟವಾಗಿ ಹೇಳದ ಹೊರತು ಒಂದು ಹೊತ್ತಿನ ಮಾತ್ರೆಯನ್ನೂ ತಪ್ಪಿಸಕೂಡದು. ಔಷಧ ಇಳಿಸಿ ಪರೀಕ್ಷಿಸುವ ಸಂದರ್ಭಗಳೂ ಇವೆ. ಶಸ್ತ್ರಚಿಕಿತ್ಸೆಯ ವಿಚಾರ ಬಂದಾಗ ರೋಗಿಯನ್ನು ಆಸ್ಪತ್ರೆಯಲ್ಲಿಯೇ ಇರಿಸಿಕೊಂಡು, ಹಗಲಿರುಳು ಕಾವಲಿಟ್ಟು ಮಾಡುವ ಕಾರ್ಯವದು. ಮನೆಯಲ್ಲಿ ನಾವೇ ನಿರ್ಧರಿಸುವಂಥದಲ್ಲ.

ನಮ್ಮ ಪ್ರಾಚೀನರು ಈ ರೋಗವನ್ನು ಅಪಸ್ಮಾರವೆಂದು ಕರೆದರು. ಸ್ಮೃತಿ ಅಪಗತವಾಗುವುದು ಎಂಬುದು ಅದರ ಅರ್ಥ. ಚರಕಸಂಹಿತೆಯಲ್ಲಿ ಇದಕ್ಕೆ ಪ್ರತ್ಯೇಕ ಅಧ್ಯಾಯಗಳೇ ಇವೆ. ನಟರಾಜನ ಪಾದದಡಿಯ ಕುಬ್ಜನಿಗೂ ಅದೇ ಹೆಸರಾದುದರಿಂದ ರೋಗಿಯನ್ನೇ ಪಾಪಿಯೆಂದು ಬಗೆಯುವವರನ್ನು ಕಂಡಿದ್ದೇನೆ. ಶಿಲ್ಪಿ ಅಲ್ಲಿ ಕಡೆದದ್ದು ಅಜ್ಞಾನವನ್ನು ಎಂಬ ಅರಿವು ಅವರಿಗಿಲ್ಲ.

ಜರ್ಮನಿಯ ಯೇನಾ ನಗರದ ಮನೋವೈದ್ಯ ಹಾನ್ಸ್ ಬರ್ಗರ್ 1924ರಲ್ಲಿ ಮಾನವನ ಮಿದುಳಿನ ವಿದ್ಯುತ್ ತರಂಗಗಳನ್ನು ಮೊದಲ ಬಾರಿಗೆ ದಾಖಲಿಸಿ, 1929ರಲ್ಲಿ ಪ್ರಕಟಿಸಿದನು. ನೆತ್ತಿಯ ಮೇಲೆ ದೊರೆಯುವ ಈ ವಿದ್ಯುತ್ತು ಅತ್ಯಲ್ಪ. ಒಂದು ವೋಲ್ಟನ್ನು ಹತ್ತು ಲಕ್ಷ ಪಾಲು ಮಾಡಿದರೆ ಅವುಗಳಲ್ಲಿ ಹತ್ತರಿಂದ ನೂರು ಪಾಲಿನಷ್ಟು. ಯಂತ್ರ ಅದನ್ನು ಹಿಗ್ಗಿಸಿ ಗೆರೆಗಳಾಗಿ ಬರೆಯುತ್ತದೆಯೇ ಹೊರತು ತಲೆಗೆ ಕರೆಂಟು ಹಾಯಿಸುವುದಿಲ್ಲ. ಈ ಭಯದಿಂದಲೇ ಪರೀಕ್ಷೆಯನ್ನು ಮುಂದೂಡುವ ಮನೆಗಳುಂಟಾದ್ದರಿಂದ ಒತ್ತಿ ಹೇಳಬೇಕಾಯಿತು.

ತಲೆಯನ್ನು ಅಳೆದು ಗುರುತು ಮಾಡಿ, ಸುಮಾರು ಇಪ್ಪತ್ತೊಂದು ಕಡೆ ಪುಟ್ಟ ಲೋಹದ ಬಿಲ್ಲೆಗಳನ್ನು ಒಂದು ಬಗೆಯ ಲೇಪದಿಂದ ಅಂಟಿಸುತ್ತಾರೆ. ರೋಗಿ ಕಣ್ಣು ಮುಚ್ಚಿ ಮಲಗಿರುತ್ತಾನೆ. ನಡುವೆ ಕಣ್ಣು ತೆರೆಯಲು ಹೇಳುತ್ತಾರೆ, ಕೆಲವು ನಿಮಿಷ ದೀರ್ಘವಾಗಿ ಉಸಿರಾಡಿಸುತ್ತಾರೆ, ಮಿನುಗುವ ದೀಪವನ್ನು ಮುಖದೆದುರು ಹಿಡಿಯುತ್ತಾರೆ. ಅರ್ಧ ಗಂಟೆಯ ಆಸುಪಾಸಿನಲ್ಲಿ ದಾಖಲೆ ಮುಗಿಯುತ್ತದೆ. ನೋವಿಲ್ಲ. ಕೊರಳಿನ ಇಷ್ಟಲಿಂಗದ ಕರಡಿಗೆಯನ್ನು ತೆಗೆಯಬೇಕೆ ಎಂದು ಭಕ್ತರು ಕೇಳುವುದುಂಟು. ತಲೆಯ ಮೇಲಷ್ಟೇ ನಡೆಯುವ ಈ ಪರೀಕ್ಷೆಗೆ ಅದು ಅಡ್ಡಿಯಲ್ಲ. ಎಂ.ಆರ್.ಐ. ಕೊಠಡಿಯ ನಿಯಮ ಬೇರೆ, ಅಲ್ಲಿ ಲೋಹದ ವಸ್ತುಗಳನ್ನೆಲ್ಲ ಹೊರಗಿಡಬೇಕಾಗುತ್ತದೆ. ಉಪವಾಸವಂತೂ ಬೇಡ. ರಕ್ತದಲ್ಲಿ ಸಕ್ಕರೆ ಇಳಿದರೆ ತರಂಗಗಳೂ ವ್ಯತ್ಯಾಸವಾಗುತ್ತವೆ.

ಮಾತ್ರೆಗಳು ತರಂಗದ ಮೇಲೆ ತಮ್ಮ ಗುರುತು ಮೂಡಿಸುವುದು ನಿಜ. ಫಿನೋಬಾರ್ಬಿಟೋನ್, ಕ್ಲೋಬಜಾಮ್‌ನಂಥವು ಶೀಘ್ರಗತಿಯ ಬೀಟಾ ತರಂಗಗಳನ್ನು ಹೆಚ್ಚಿಸುತ್ತವೆ. ಫಿನಿಟಾಯಿನ್ ಪ್ರಮಾಣ ಮೀರಿದರೆ ತರಂಗಗಳು ನಿಧಾನವಾಗುತ್ತವೆ. ವಾಲ್‌ಪ್ರೊಯೇಟ್ ಕೆಲವು ಬಗೆಯ ರೋಗಸೂಚಕ ಮೊನೆಗಳನ್ನೇ ಅಡಗಿಸಬಲ್ಲದು. ಇವೆಲ್ಲ ಪರೀಕ್ಷಕರಿಗೆ ತಿಳಿದ ಸಂಗತಿಗಳೇ. ಆದುದರಿಂದ ಮಾತ್ರೆಗಳ ಹೆಸರು, ಪ್ರಮಾಣ, ಕೊನೆಯದಾಗಿ ನುಂಗಿದ ವೇಳೆ, ಹಿಂದಿನ ಸೆಳವಿನ ದಿನ ಇಷ್ಟನ್ನೂ ಒಂದು ಚೀಟಿಯಲ್ಲಿ ಬರೆದೊಯ್ದರೆ ಗೆರೆಗಳ ಅರ್ಥ ಅವರಿಗೆ ಸುಲಭವಾಗುತ್ತದೆ.

ಫಲಿತಾಂಶ "ನಾರ್ಮಲ್" ಎಂದು ಬಂದೊಡನೆ ರೋಗ ಹೋಯಿತೆಂದು ಮಾತ್ರೆ ನಿಲ್ಲಿಸುವ ಮನೆಗಳೂ ಇವೆ. ಮೂರ್ಛೆರೋಗವಿರುವವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಮೊದಲ ಪರೀಕ್ಷೆಯಲ್ಲಿ ಏನೂ ಕಾಣುವುದಿಲ್ಲ; ಆ ಅರ್ಧ ಗಂಟೆಯಲ್ಲಿ ಮಿದುಳು ಶಾಂತವಾಗಿತ್ತು ಎಂದಷ್ಟೇ ಅದರ ಅರ್ಥ. ಹಾಗೆಯೇ ಎಂದೂ ಮೂರ್ಛೆ ಹೋಗದ ಕೆಲವರಲ್ಲಿಯೂ ಅಸಹಜ ಗೆರೆಗಳು ಕಂಡುಬರುತ್ತವೆ. ನಿರ್ಣಯಕ್ಕೆ ಮುಖ್ಯ ಆಧಾರವಾಗುವುದು ಸೆಳವನ್ನು ಕಣ್ಣಾರೆ ಕಂಡವರ ವಿವರಣೆ. ಆದುದರಿಂದ ವೈದ್ಯರ ಬಳಿಗೆ ರೋಗಿಯೊಡನೆ ಹೋಗಬೇಕಾದವರು ಅದನ್ನು ಕಂಡ ತಾಯಿಯೋ ಪತ್ನಿಯೋ ಹೊರತು, ಕಾರಿರುವ ಬಂಧುವಲ್ಲ.

ಇನ್ನು ನಮ್ಮ ಮೈಸೂರು ಸೀಮೆಗೆ ವಿಶೇಷವಾದ ಒಂದು ಸಂಗತಿ. ಎಣ್ಣೆಯ ಜಿಡ್ಡಿದ್ದರೆ ಬಿಲ್ಲೆಗಳು ನಿಲ್ಲವು. ತಲೆಗೆ ಸ್ನಾನ ಮಾಡಿ, ಎಣ್ಣೆ ಹಚ್ಚದೆ ಬನ್ನಿರೆಂದು ಪರೀಕ್ಷಾಲಯದವರು ಹೇಳುತ್ತಾರೆ. ತಾಯಂದಿರು ಹಂಡೆ ಕಾಯಿಸಿ, ಸುಡುಸುಡು ನೀರನ್ನು ಚೊಂಬಿನಿಂದ ನೆತ್ತಿಯ ಮೇಲೆ ಬಡಬಡನೆ ಹೊಯ್ಯುತ್ತಾರೆ. ಕೆಲವರಿಗೆ ಈ ಸ್ನಾನವೇ ಸೆಳವನ್ನು ತರುವ ಕಾರಣ! ಬಿಸಿನೀರಿನ ಮೂರ್ಛೆ ಎಂಬ ಈ ರೋಗ 1945ರಲ್ಲಿ ದೂರದ ನ್ಯೂಜಿಲೆಂಡಿನಿಂದ ವರದಿಯಾಗಿತ್ತು. ಆದರೆ ಅದು ಹೆಚ್ಚಾಗಿ ಕಾಣುವುದು ದಕ್ಷಿಣ ಭಾರತದಲ್ಲಿ, ಅದರಲ್ಲಿಯೂ ನಮ್ಮ ಕರ್ನಾಟಕದಲ್ಲಿ. ಬೆಂಗಳೂರಿನ ನರರೋಗ ತಜ್ಞ ಡಾ. ಕೆ. ಎಸ್. ಮಣಿ ಮತ್ತು ಸಂಗಡಿಗರು 1968ರಲ್ಲಿ ಇದನ್ನು ವರದಿ ಮಾಡಿದರು. 1988ರಲ್ಲಿ ನಿಮ್ಹಾನ್ಸ್‌ನ ಡಾ. ಪಿ. ಸತೀಶ್‌ಚಂದ್ರ ಮತ್ತಿತರರು 279 ರೋಗಿಗಳ ಅಧ್ಯಯನ ಪ್ರಕಟಿಸಿದರು. ಆಗ ಮೈಸೂರು ಜಿಲ್ಲೆಯಲ್ಲಿದ್ದು, 1997ರಿಂದ ಚಾಮರಾಜನಗರ ಜಿಲ್ಲೆಗೆ ಸೇರಿರುವ ಯಳಂದೂರಿನ ಸೀಮೆಯಲ್ಲಿ ಡಾ. ಮಣಿಯವರ ತಂಡ ಮನೆಮನೆಗೆ ಹೋಗಿ ನಡೆಸಿದ ಸಮೀಕ್ಷೆಯಲ್ಲಿ, ಮೂರ್ಛೆರೋಗಿಗಳ ಪೈಕಿ ನೂರಕ್ಕೆ ಸುಮಾರು ಏಳು ಮಂದಿಗೆ ಇದೇ ಬಗೆ ಇದ್ದುದು ಕಂಡುಬಂದಿತು.

ಸ್ನಾನದ ನಡುವೆ ದಿಟ್ಟಿಸಿ ನೋಡುವುದು, ಅಸಂಬದ್ಧ ಮಾತು, ಬೇಡವೆಂದರೂ ನೀರು ಹೊಯ್ದುಕೊಳ್ಳುತ್ತಲೇ ಇರುವುದು, ಕೆಲವೊಮ್ಮೆ ಕೈಕಾಲು ಸೆಳೆತ: ಇವು ಇದರ ಲಕ್ಷಣಗಳು. ಗಾಳಿ ಸೋಕಿತೆಂದು ಯಂತ್ರ ಕಟ್ಟಿಸುವುದರಲ್ಲಿ ಕಾಲ ಕಳೆಯಬಾರದು. ಇಂಥವರಲ್ಲಿ ಸೆಳವಿಲ್ಲದಾಗ ತೆಗೆದ ಇ.ಇ.ಜಿ. ಬಹುಪಾಲು ಸಹಜವಾಗಿಯೇ ಇರುತ್ತದೆ. ಆದ್ದರಿಂದ ಬಚ್ಚಲುಮನೆಯ ವೃತ್ತಾಂತವನ್ನು ವೈದ್ಯರಿಗೆ ಸಂಕೋಚವಿಲ್ಲದೆ ತಿಳಿಸಬೇಕು. ಉಗುರು ಬೆಚ್ಚಗಿನ ನೀರಿನಲ್ಲಿ, ನೆತ್ತಿಯ ಮೇಲೆ ಒಮ್ಮೆಲೇ ಸುರಿಯದೆ ಸ್ನಾನ ಮಾಡಿದರೆ ಎಷ್ಟೋ ಮಂದಿಗೆ ಸೆಳವು ತಪ್ಪುತ್ತದೆ. ಅಷ್ಟಕ್ಕೆ ನಿಲ್ಲದವರಿಗೆ ತಲೆಸ್ನಾನಕ್ಕೆ ಮುನ್ನ ಕ್ಲೋಬಜಾಮ್ ಕೊಡುವ ಕ್ರಮವುಂಟು. ಅದನ್ನು ವೈದ್ಯರೇ ನಿರ್ಧರಿಸಬೇಕು. ಬಚ್ಚಲಿನ ಅಗುಳಿ ಹಾಕಿಕೊಳ್ಳಬಾರದು. ದೀಪಾವಳಿಯ ಅಭ್ಯಂಜನದಂದು ವಿಶೇಷ ಎಚ್ಚರಿಕೆ ಬೇಕು.

ನಿದ್ರೆಗೆಟ್ಟು ಬರಲು ಹೇಳುವ ಪರೀಕ್ಷೆಯೂ ಒಂದಿದೆ. ನಿದ್ರೆಯ ಕೊರತೆ ರೋಗವನ್ನು ಕೆರಳಿಸುತ್ತದೆಯಾದ್ದರಿಂದಲೇ ಅದು ಉಪಯುಕ್ತ, ಅದರಿಂದಲೇ ಅಪಾಯಕರ. ಜೊತೆಗೊಬ್ಬರಿರಬೇಕು, ರೋಗಿ ಸ್ಕೂಟರು ಓಡಿಸಬಾರದು. ಶಿವರಾತ್ರಿಯ ಜಾಗರಣೆಯಿಂದಲೂ ಇಂಥವರಿಗೆ ವಿನಾಯಿತಿ ನೀಡುವುದೇ ಸರಿಯೆಂದು ನನ್ನ ಅಭಿಪ್ರಾಯ.

ಪರೀಕ್ಷೆಯ ಹಾಳೆಗಳನ್ನು ಬೀರುವಿನಲ್ಲಿ ಬಚ್ಚಿಡುವ ಅಭ್ಯಾಸದ ಹಿಂದಿರುವುದು ಮದುವೆಯ ಚಿಂತೆ. 1955ರ ಹಿಂದೂ ವಿವಾಹ ಕಾಯ್ದೆ ವೀರಶೈವ, ಲಿಂಗಾಯತರನ್ನು ಹೆಸರಿಸಿಯೇ ತನ್ನ ವ್ಯಾಪ್ತಿಗೆ ತಂದಿದೆ. ಅದರಲ್ಲಿ ಮೂರ್ಛೆರೋಗವನ್ನು ವಿವಾಹಕ್ಕೆ ಅಡ್ಡಿಯೆಂದು ಎಣಿಸಲಾಗಿತ್ತು; 1999ರ ತಿದ್ದುಪಡಿ ಆ ಮಾತನ್ನು ತೆಗೆದುಹಾಕಿತು. ಹಾಗಿದ್ದೂ ಮುಚ್ಚಿಟ್ಟು ಕನ್ಯೆಯನ್ನು ಕೊಟ್ಟಲ್ಲಿ, ಗುಟ್ಟು ಕಾಯಲು ಅತ್ತೆಮನೆಯಲ್ಲಿ ಅವಳು ಮಾತ್ರೆ ಬಿಡುತ್ತಾಳೆ, ಸೆಳವು ಮರಳುತ್ತದೆ. ಮಗುವನ್ನು ಬಯಸುವ ಸೊಸೆ ಮುಂಚಿತವಾಗಿಯೇ ನರರೋಗ ತಜ್ಞರನ್ನು ಕಾಣಬೇಕು. ವಾಲ್‌ಪ್ರೊಯೇಟ್ ಗರ್ಭಸ್ಥ ಶಿಶುವಿಗೆ ಹಾನಿ ಮಾಡಬಲ್ಲದಾದ್ದರಿಂದ ಬೇರೆ ಔಷಧಕ್ಕೆ ನಿಧಾನವಾಗಿ ಬದಲಾಯಿಸಲು ತಿಂಗಳುಗಳೇ ಬೇಕಾಗಬಹುದು. ಆ ಭೇಟಿಗೆ ಹಳೆಯ ಇ.ಇ.ಜಿ. ವರದಿಗಳನ್ನೆಲ್ಲ ಕೊಂಡೊಯ್ಯುವುದು ಅವಶ್ಯ.