ದೈಹಿಕ ಸಾಮರ್ಥ್ಯ ಪರೀಕ್ಷೆಗೆ ಸಿದ್ಧತೆ: ಅಭ್ಯಾಸ ಮತ್ತು ಆಹಾರ

ಪ್ರೌಢಶಾಲೆ ಅಥವಾ ಹನ್ನೆರಡನೆಯ ತರಗತಿಯನ್ನು ಮುಗಿಸಿದ ಗ್ರಾಮೀಣ ಯುವಜನರಿಗೆ ಸೈನ್ಯ, ಅರೆಸೇನಾ ಪಡೆ ಹಾಗೂ ರಾಜ್ಯ ಪೊಲೀಸ್ ಇಲಾಖೆಗಳ ನೇಮಕಾತಿಯು ಜೀವನೋಪಾಯದ ಒಂದು ಮುಖ್ಯ ದಾರಿಯಾಗಿದೆ. ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳ ಕಾನ್‌ಸ್ಟೆಬಲ್ ಹುದ್ದೆಯ ಲಿಖಿತ ಪರೀಕ್ಷೆಯನ್ನು 2024ರಿಂದ ಹಿಂದಿ ಮತ್ತು ಇಂಗ್ಲಿಷ್ ಅಲ್ಲದೆ ಕನ್ನಡವೂ ಸೇರಿದಂತೆ 13 ಪ್ರಾದೇಶಿಕ ಭಾಷೆಗಳಲ್ಲಿ ಬರೆಯಲು ಅವಕಾಶ ದೊರೆತಿದೆ. ಹೀಗಾಗಿ ಗಡಿಯಾಚೆಯ ಕನ್ನಡ ಮಾಧ್ಯಮದ ವಿದ್ಯಾರ್ಥಿಗಳಿಗೂ ಈ ದಾರಿ ಹಿಂದಿಗಿಂತ ಸುಗಮವಾಗಿದೆ. ಆದರೆ ಲೇಖನಿಯಿಂದ ಗೆದ್ದವರೂ ಮೈದಾನದಲ್ಲಿ ಸೋಲುವುದುಂಟು. ಅಧಿಸೂಚನೆ ಹೊರಟ ಮೇಲೆ ಓಡಲು ತೊಡಗುವುದು ‘ಯುದ್ಧಕಾಲೇ ಶಸ್ತ್ರಾಭ್ಯಾಸ’ ಎಂಬ ಮಾತಿಗೆ ತಕ್ಕ ಉದಾಹರಣೆ. ದೇಹವು ಬಲಗೊಳ್ಳುವುದು ತಿಂಗಳುಗಳ ಲೆಕ್ಕದಲ್ಲಿ, ದಿನಗಳ ಲೆಕ್ಕದಲ್ಲಲ್ಲ. ಆ ತಿಂಗಳುಗಳಲ್ಲಿ ವಿದ್ಯಾರ್ಥಿಯ ಹತ್ತಿರ ಇರುವವರು ಶಿಕ್ಷಕರೇ. ಆದುದರಿಂದ ಈ ಸಿದ್ಧತೆಯ ಕ್ರಮವನ್ನು ದೈಹಿಕ ಶಿಕ್ಷಕರಷ್ಟೇ ಅಲ್ಲದೆ ಎಲ್ಲ ಶಿಕ್ಷಕರೂ ತಿಳಿದಿರುವುದು ಒಳಿತು.

1. ಪರೀಕ್ಷೆಯ ಸ್ವರೂಪ

ಗಡಿ ಬದಲಾದಂತೆ ಪರೀಕ್ಷೆಯೂ ಬದಲಾಗುತ್ತದೆ. ಇತ್ತೀಚಿನ ನೇಮಕಾತಿಗಳಲ್ಲಿ ಪುರುಷ ಅಭ್ಯರ್ಥಿಗಳಿಗೆ ವಿಧಿಸಿದ ಓಟದ ಮಾನದಂಡಗಳನ್ನು ಹೋಲಿಸಿದರೆ ಇದು ಸ್ಪಷ್ಟವಾಗುತ್ತದೆ.

• ಸೈನ್ಯ (ಅಗ್ನಿವೀರ, ಸಾಮಾನ್ಯ ಕರ್ತವ್ಯ): 1.6 ಕಿ.ಮೀ. ಓಟವನ್ನು 5 ನಿಮಿಷ 30 ಸೆಕೆಂಡುಗಳೊಳಗೆ ಮುಗಿಸಿದವರಿಗೆ 60 ಅಂಕ. 10 ಪುಲ್-ಅಪ್‌ಗಳಿಗೆ 40 ಅಂಕ.
• ಕೇಂದ್ರ ಸಶಸ್ತ್ರ ಪೊಲೀಸ್ ಪಡೆ: 5 ಕಿ.ಮೀ., 24 ನಿಮಿಷ. ಮಹಿಳೆಯರಿಗೆ 1.6 ಕಿ.ಮೀ., ಎಂಟೂವರೆ ನಿಮಿಷ.
• ಕೇರಳ ಪೊಲೀಸ್: 8 ಬಗೆಯ ಪರೀಕ್ಷೆಗಳಲ್ಲಿ ಯಾವುದಾದರೂ 5ರಲ್ಲಿ ಅರ್ಹತೆ. ಅವುಗಳಲ್ಲಿ 1500 ಮೀ. ಓಟ (5 ನಿಮಿಷ 44 ಸೆಕೆಂಡು), 100 ಮೀ. ಓಟ (14 ಸೆಕೆಂಡು), 8 ಪುಲ್-ಅಪ್, ಕೈಗಳಿಂದ ಮಾತ್ರ ಹಗ್ಗ ಹತ್ತುವುದು ಸೇರಿವೆ.
• ತಮಿಳುನಾಡು ಪೊಲೀಸ್: 1500 ಮೀ., 7 ನಿಮಿಷ. ಬಳಿಕ ಹಗ್ಗ ಹತ್ತುವುದು, ಜಿಗಿತ, ಕಿರು ಓಟ.
• ಮಹಾರಾಷ್ಟ್ರ ಪೊಲೀಸ್: 1600 ಮೀ. ಓಟ, 100 ಮೀ. ಓಟ, ಗುಂಡು ಎಸೆತ. ಒಟ್ಟು 50 ಅಂಕ. ಮಹಿಳೆಯರಿಗೆ 1600ರ ಬದಲು 800 ಮೀ.
• ಆಂಧ್ರಪ್ರದೇಶ ಪೊಲೀಸ್: 1600 ಮೀ., 8 ನಿಮಿಷ. ತೆಲಂಗಾಣ: 7 ನಿಮಿಷ 15 ಸೆಕೆಂಡು.

ಇಲ್ಲಿ ಗಮನಿಸಬೇಕಾದ ಅಂಶ ಒಂದಿದೆ. ಕೆಲವು ಪರೀಕ್ಷೆಗಳು ಅರ್ಹತೆಯನ್ನಷ್ಟೇ ನೋಡುತ್ತವೆ. ಕೆಲವು ಪ್ರತಿಯೊಂದು ಸೆಕೆಂಡಿಗೂ ಅಂಕದ ಬೆಲೆ ಕಟ್ಟುತ್ತವೆ. ಮೊದಲನೆಯ ಬಗೆಯಲ್ಲಿ ಯಾವ ಅಂಶವೂ ತೀರ ದುರ್ಬಲವಾಗದಂತೆ ನೋಡಿಕೊಂಡರೆ ಸಾಕು. ಎರಡನೆಯದರಲ್ಲಿ ಪ್ರಬಲ ಅಂಶವನ್ನು ಇನ್ನಷ್ಟು ಹರಿತಗೊಳಿಸಬೇಕು. ನಿಯಮಗಳು ನೇಮಕಾತಿಯಿಂದ ನೇಮಕಾತಿಗೆ ಬದಲಾಗುವುದರಿಂದ ಆಯಾ ವರ್ಷದ ಅಧಿಸೂಚನೆಯೇ ಅಂತಿಮ ಆಧಾರ. ರಾಜ್ಯ ಪೊಲೀಸ್ ಇಲಾಖೆಗಳ ಅಧಿಸೂಚನೆಯು ಆ ರಾಜ್ಯದ ಭಾಷೆಯಲ್ಲಿರಬಹುದು. ಮರಾಠಿಯ ‘ಗೋಳಾಫೇಕ್’ ಎಂದರೆ ಗುಂಡು ಎಸೆತ. ತಮಿಳಿನ ‘ನೀಳಂ ತಾಂಡುದಲ್’ ಎಂದರೆ ಉದ್ದ ಜಿಗಿತ. ‘ಕಯಿರು ಏರುದಲ್’ ಎಂದರೆ ಹಗ್ಗ ಹತ್ತುವುದು. ತೆಲುಗಿನ ‘ಪರುಗು’, ಮಲಯಾಳದ ‘ಓಟ್ಟಂ’ ಎರಡೂ ಓಟವೇ. ಇಂತಹ ಪದಗಳನ್ನು ಕನ್ನಡದೊಡನೆ ಹೊಂದಿಸಿ ಬರೆಸುವುದು ಭಾಷಾ ಶಿಕ್ಷಕರಿಗೆ ಸುಲಭವಾದ ಕೆಲಸ. ವಿದ್ಯಾರ್ಥಿಗೆ ಬಹಳ ಉಪಯುಕ್ತವಾದುದು.

ಎತ್ತರವನ್ನು ಅಭ್ಯಾಸದಿಂದ ಹೆಚ್ಚಿಸಲಾಗದು. ಪುರುಷರ ಎದೆಯ ಸುತ್ತಳತೆಯು ಉಸಿರು ತುಂಬಿದಾಗ ಸಾಮಾನ್ಯವಾಗಿ 5 ಸೆಂ.ಮೀ. ಹಿಗ್ಗಬೇಕೆಂಬ ನಿಯಮವಿದೆ. ಈ ಅಳತೆಗಳನ್ನು ಆರಂಭದಲ್ಲಿಯೇ ತೆಗೆದು ನೋಡಿದರೆ, ತನಗೆ ಒದಗದ ಹುದ್ದೆಗಾಗಿ ವಿದ್ಯಾರ್ಥಿಯು ವರ್ಷಗಟ್ಟಲೆ ಶ್ರಮಪಡುವುದು ತಪ್ಪುತ್ತದೆ.

2. ಶಕ್ತಿ ಬೆಳೆಯುವ ಬಗೆ

ವ್ಯಾಯಾಮವು ದೇಹವನ್ನು ಆ ಹೊತ್ತಿಗೆ ದಣಿಸುತ್ತದೆ; ಬಲವು ಬರುವುದು ಅನಂತರದ ವಿಶ್ರಾಂತಿ, ನಿದ್ರೆ ಮತ್ತು ಆಹಾರದಿಂದ. ದಣಿದ ಸ್ನಾಯುವನ್ನು ದೇಹವು ಸರಿಪಡಿಸುವಾಗ ಮೊದಲಿಗಿಂತ ತುಸು ಗಟ್ಟಿಯಾಗಿ ಕಟ್ಟುತ್ತದೆ. ವಿಶ್ರಾಂತಿಯಿಲ್ಲದೆ ದಿನವೂ ಪೂರ್ಣ ವೇಗದಲ್ಲಿ ಓಡುವವನಿಗೆ ಈ ಕಟ್ಟುವಿಕೆಗೆ ಅವಕಾಶವೇ ದೊರೆಯದು.

ದೇಹದ ಎಲ್ಲ ಭಾಗಗಳೂ ಒಂದೇ ವೇಗದಲ್ಲಿ ಬಲಗೊಳ್ಳುವುದಿಲ್ಲ ಎಂಬುದು ಎರಡನೆಯ ಸಂಗತಿ. ನಿಯಮಿತವಾಗಿ ಓಡುವವನ ಹೃದಯವು ಪ್ರತಿ ಬಡಿತಕ್ಕೆ ಹೆಚ್ಚು ರಕ್ತವನ್ನು ಹೊರದೂಡಲು ಕೆಲವು ವಾರಗಳಲ್ಲಿಯೇ ಕಲಿಯುತ್ತದೆ. ಸ್ನಾಯುಗಳಲ್ಲಿ ಸೂಕ್ಷ್ಮ ರಕ್ತನಾಳಗಳು ಹೆಚ್ಚುತ್ತವೆ. ಮೂಳೆಗಳೂ ಸ್ನಾಯುರಜ್ಜುಗಳೂ ಇದಕ್ಕಿಂತ ನಿಧಾನ. ಉಸಿರು ಸಲೀಸಾಯಿತೆಂದು ದೂರವನ್ನು ಒಮ್ಮೆಲೆ ಹೆಚ್ಚಿಸಿದಾಗ ಮೊಣಕಾಲ ಕೆಳಗಿನ ಮೂಳೆಯ ಉದ್ದಕ್ಕೂ ನೋವು ಕಾಣಿಸಿಕೊಳ್ಳುವುದು ಈ ಕಾರಣದಿಂದ. ವಾರದ ಒಟ್ಟು ಓಟವನ್ನು ಹಿಂದಿನ ವಾರಕ್ಕಿಂತ ಸುಮಾರು ಹತ್ತನೆಯ ಒಂದು ಭಾಗದಷ್ಟು ಮಾತ್ರ ಹೆಚ್ಚಿಸುವುದು ಸುರಕ್ಷಿತ ರೂಢಿ.

3. ಹನ್ನೆರಡು ವಾರಗಳ ಅಭ್ಯಾಸ

1600 ಮೀ. ಓಟಕ್ಕೆ ಬೇಕಾದ ಶಕ್ತಿಯ ಬಹುಪಾಲು ಆಮ್ಲಜನಕದ ನೆರವಿನಿಂದಲೇ ಉತ್ಪತ್ತಿಯಾಗುತ್ತದೆ. ಆದ್ದರಿಂದ ಅಡಿಪಾಯ ವೇಗದ್ದಲ್ಲ, ನಿಧಾನದ ಓಟದ್ದು.

ಮೊದಲ ನಾಲ್ಕು ವಾರ: ವಾರಕ್ಕೆ ಮೂರು ದಿನ 20ರಿಂದ 30 ನಿಮಿಷಗಳ ಓಟ. ಜೊತೆಯವರೊಡನೆ ಮಾತನಾಡುತ್ತ ಓಡಲು ಸಾಧ್ಯವಾದರೆ ಅದೇ ತಕ್ಕ ವೇಗ. ಮಾತು ತುಂಡಾದರೆ ನಡೆದು, ಮತ್ತೆ ಓಡಬೇಕು.

ಐದರಿಂದ ಎಂಟನೆಯ ವಾರ: ಮೂರು ದಿನಗಳ ಪೈಕಿ ಒಂದು ದಿನ, ಗುರಿಯ ವೇಗದಲ್ಲಿ 400 ಮೀಟರ್‌ನಂತೆ ನಾಲ್ಕು ಬಾರಿ. ನಡುನಡುವೆ ಎರಡು ಮೂರು ನಿಮಿಷ ನಡಿಗೆ.

ಒಂಬತ್ತರಿಂದ ಹನ್ನೊಂದನೆಯ ವಾರ: ಅದೇ ಓಟವನ್ನು ಐದು ಬಾರಿಗೆ ಏರಿಸುವುದು, ಅಥವಾ 800 ಮೀಟರ್‌ನಂತೆ ಎರಡು ಬಾರಿ. ಎರಡು ವಾರಕ್ಕೊಮ್ಮೆ ಪೂರ್ಣ ದೂರದ ಸಮಯವನ್ನು ಅಳೆಯುವುದು.

ಹನ್ನೆರಡನೆಯ ವಾರ: ಅಭ್ಯಾಸವನ್ನು ಅರ್ಧಕ್ಕೆ ಇಳಿಸಿ ದೇಹಕ್ಕೆ ಬಿಡುವು ನೀಡುವುದು.

ಗುರಿಯ ವೇಗವೆಂದರೇನು? 1600 ಮೀಟರನ್ನು 5 ನಿಮಿಷ 30 ಸೆಕೆಂಡುಗಳಲ್ಲಿ ಮುಗಿಸಬೇಕಾದರೆ ಪ್ರತಿ 400 ಮೀಟರಿಗೆ ಎಂಬತ್ತೆರಡೂವರೆ ಸೆಕೆಂಡು. ಶಾಲೆಯ ಬಯಲಿನಲ್ಲಿ 200 ಮೀಟರಿನ ಸುತ್ತು ಮಾತ್ರ ಇದ್ದರೆ ಸುತ್ತಿಗೆ ಸುಮಾರು 41 ಸೆಕೆಂಡು. ಹುರುಪಿನಲ್ಲಿ ಮೊದಲ ಸುತ್ತುಗಳನ್ನು ಅತಿವೇಗವಾಗಿ ಓಡಿ ಕೊನೆಯ ಸುತ್ತುಗಳಲ್ಲಿ ಕುಸಿಯುವ ‘ಆರಂಭ ಶೂರತ್ವ’ವೇ ಈ ಓಟದ ಸಾಮಾನ್ಯ ದೋಷ. ಸುತ್ತಿನ ಸಮಯವನ್ನು ಕೂಗಿ ಹೇಳುವ ಒಬ್ಬ ಸಹಪಾಠಿಯಿದ್ದರೆ ಅದು ತಿದ್ದಿಹೋಗುತ್ತದೆ.

4. ತೋಳು, ಬೆನ್ನು, ಕಾಲುಗಳ ಬಲ

ಓಟವಿಲ್ಲದ ಎರಡು ದಿನಗಳನ್ನು ಬಲವರ್ಧನೆಗೆ ಮೀಸಲಿಡಬೇಕು. ಗರಡಿಯ ದಂಡ ಮತ್ತು ಬಸ್ಕಿ ಇಂದಿಗೂ ಉತ್ತಮ ಸಾಧನಗಳು. ತಾಲೀಮಿನ ಪರಂಪರೆಯುಳ್ಳ ಸೊಲ್ಲಾಪುರ, ಜತ್ತ ಭಾಗಗಳಲ್ಲಿ ಮಲ್ಲಕಂಬದ ಅಭ್ಯಾಸವು ಹಿಡಿತದ ಬಲವನ್ನು ಹೆಚ್ಚಿಸಿ, ಹಗ್ಗ ಹತ್ತುವುದಕ್ಕೂ ಪುಲ್-ಅಪ್‌ಗೂ ನೆರವಾಗುತ್ತದೆ.

ಪುಲ್-ಅಪ್ ಒಂದನ್ನೂ ಮಾಡಲಾಗದ ವಿದ್ಯಾರ್ಥಿಗೆ ಮೂರು ಮೆಟ್ಟಿಲುಗಳಿವೆ. ಮೊದಲು ಸರಳನ್ನು ಹಿಡಿದು 20ರಿಂದ 30 ಸೆಕೆಂಡು ನೇತಾಡುವುದು. ಅನಂತರ ಕಲ್ಲು ಅಥವಾ ಮಣೆಯ ಮೇಲೆ ನಿಂತು ಜಿಗಿದು, ಗಲ್ಲವು ಸರಳಿನ ಮೇಲೆ ಬಂದ ಬಳಿಕ ಐದು ಎಣಿಸುತ್ತ ನಿಧಾನವಾಗಿ ಇಳಿಯುವುದು. ಕೊನೆಗೆ ಜೊತೆಗಾರನು ಬೆನ್ನಿಗೆ ತುಸು ಆಸರೆ ಕೊಡುವಂತೆ ಪೂರ್ಣವಾಗಿ ಏರುವುದು. ಮೊದಲ ವಾರಗಳಲ್ಲಿ ಕಾಣುವ ಪ್ರಗತಿಯು ಸ್ನಾಯು ದಪ್ಪವಾದುದರಿಂದ ಬಂದುದಲ್ಲ. ಇರುವ ಸ್ನಾಯುತಂತುಗಳನ್ನು ನರಗಳು ಹೆಚ್ಚು ಸಂಖ್ಯೆಯಲ್ಲಿ ಒಟ್ಟಿಗೆ ದುಡಿಸಲು ಕಲಿತದ್ದರಿಂದ ಬಂದುದು. ಮೈ ತುಂಬಿಕೊಳ್ಳಲಿಲ್ಲವೆಂದು ನಿರಾಶರಾಗುವವರಿಗೆ ಇದನ್ನು ತಿಳಿಸಬೇಕು. ಬೆಳೆಯುವ ವಯಸ್ಸಿನ ಪ್ರೌಢಶಾಲಾ ಮಕ್ಕಳಿಗೆ ಸ್ವಂತ ದೇಹದ ತೂಕವೇ ಸಾಕು. ಅತಿಭಾರವನ್ನು ಎತ್ತಿಸುವ ಅಗತ್ಯವಿಲ್ಲ.

5. ಆಹಾರ

‘ಹಿಟ್ಟು ತಿಂದವ ಬೆಟ್ಟ ಕಿತ್ತ’ ಎಂಬ ಗಾದೆಯು ರಾಗಿಯ ಬಲವನ್ನು ಕುರಿತದ್ದು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದ್ದು, ಮೂಳೆಗೆ ಅದು ಆಧಾರ. ಆದರೆ ರಾಗಿಯಲ್ಲಿ ಸಸಾರಜನಕ, ಅಂದರೆ ಪ್ರೋಟೀನ್, 7 ಗ್ರಾಂನಷ್ಟು ಮಾತ್ರ. ಮುದ್ದೆಯೊಡನೆ ಹುರುಳಿ ಅಥವಾ ಅವರೆಯ ಸಾರು ಸೇರಿದಾಗಲೇ ಊಟ ಪೂರ್ಣವಾಗುತ್ತದೆ. ಹುರುಳಿಯಲ್ಲಿ 100 ಗ್ರಾಮಿಗೆ ಸುಮಾರು 22 ಗ್ರಾಂ ಪ್ರೋಟೀನ್ ಇದೆ.

ಸಾಮಾನ್ಯ ವಯಸ್ಕರಿಗೆ ದೇಹತೂಕದ ಪ್ರತಿ ಕಿಲೋಗ್ರಾಮಿಗೆ 0.83 ಗ್ರಾಂ ಪ್ರೋಟೀನ್ ಸಾಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಶಿಫಾರಸು. ಕಠಿಣ ಅಭ್ಯಾಸ ನಡೆಸುವವರಿಗೆ 1.2ರಿಂದ 1.6 ಗ್ರಾಂ ಬೇಕಾಗಬಹುದು. 55 ಕಿ.ಗ್ರಾಂ. ತೂಕದ ಯುವಕನಿಗೆ ಇದು ದಿನಕ್ಕೆ ಕನಿಷ್ಠ 66 ಗ್ರಾಂ ಆಯಿತು. ಅಕ್ಕಲಕೋಟೆ ಅಥವಾ ಆದೋನಿಯ ಒಂದು ಮನೆಯ ಊಟದಿಂದ ಇದನ್ನು ಹೀಗೆ ಲೆಕ್ಕ ಹಾಕಬಹುದು: ದಿನವಿಡೀ ತಿನ್ನುವ ರೊಟ್ಟಿಗಳ 300 ಗ್ರಾಂ ಜೋಳದ ಹಿಟ್ಟಿನಿಂದ 30 ಗ್ರಾಂ, 60 ಗ್ರಾಂ ಬೇಳೆಕಾಳಿನಿಂದ 13, ಹಿಂಡಿಯಾಗಿಯೋ ಹುರಿದೋ ತಿನ್ನುವ 40 ಗ್ರಾಂ ಶೇಂಗಾದಿಂದ 10, ಒಂದು ಲೋಟ ಹಾಲಿನಿಂದ 6, ಎರಡು ಮೊಟ್ಟೆಗಳಿಂದ 12. ಒಟ್ಟು 71 ಗ್ರಾಂ. ಮೊಟ್ಟೆ ತಿನ್ನದವರು ಒಂದು ಬಟ್ಟಲು ಮೊಸರು ಮತ್ತು ಒಂದು ಹಿಡಿ ಪುಟಾಣಿಯನ್ನು ಸೇರಿಸಿಕೊಳ್ಳಬಹುದು. ಕಾಸರಗೋಡಿನಲ್ಲಿ ಕುಚ್ಚಲಕ್ಕಿಯ ಗಂಜಿ, ಹೆಸರುಕಾಳು, ಮೀನು ಇದೇ ಕೆಲಸವನ್ನು ಮಾಡುತ್ತವೆ. ಬೆಲೆಯುಳ್ಳ ಪ್ರೋಟೀನ್ ಪುಡಿಯು ಇದಕ್ಕಿಂತ ಹೆಚ್ಚಿನದೇನನ್ನೂ ಕೊಡದು.

ಪೈಲ್ವಾನರ ‘ಖುರಾಕು’ ಓಟಗಾರನಿಗೆ ಒಗ್ಗುವುದಿಲ್ಲ. ಧಾರಾಳ ತುಪ್ಪ, ಬಾದಾಮಿಗಳು ಕುಸ್ತಿಯ ಕಣಕ್ಕೆ ತೂಕ ಕೊಡಬಹುದು. ಓಟದಲ್ಲಿ ಆ ತೂಕವನ್ನು ಹೊತ್ತೇ ಓಡಬೇಕು. ಓಟಕ್ಕೆ ಇಂಧನ ಧಾನ್ಯಗಳಿಂದ ಬರುತ್ತದೆ. ಪೂರ್ಣ ಊಟಕ್ಕೂ ಓಟಕ್ಕೂ ನಡುವೆ ಎರಡು ಮೂರು ಗಂಟೆಗಳ ಅಂತರವಿರಲಿ. ಬೆಳಗಿನ ಓಟಕ್ಕೆ ಮುನ್ನ ಒಂದು ಬಾಳೆಹಣ್ಣು ಸಾಕು.

6. ರಕ್ತಹೀನತೆ: ಕಾಣದ ತಡೆ

ಚೆನ್ನಾಗಿ ಅಭ್ಯಾಸ ಮಾಡಿದರೂ ಸಮಯ ಇಳಿಯದಿದ್ದರೆ, ಬೇಗನೆ ಏದುಸಿರು ಬರುತ್ತಿದ್ದರೆ, ಅದನ್ನು ಸೋಮಾರಿತನವೆಂದು ಗದರಿಸುವ ಮೊದಲು ರಕ್ತ ಪರೀಕ್ಷೆ ಮಾಡಿಸಬೇಕು. ಸ್ನಾಯುಗಳಿಗೆ ಆಮ್ಲಜನಕವನ್ನು ಒಯ್ಯುವುದು ಹಿಮೋಗ್ಲೋಬಿನ್. ಅದಕ್ಕೆ ಕಬ್ಬಿಣಾಂಶ ಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇ. 59 ಮಂದಿಗೆ, ಹುಡುಗರಲ್ಲಿ ಶೇ. 31 ಮಂದಿಗೆ ರಕ್ತಹೀನತೆಯಿದೆ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣದ ನೀಲಿ ಮಾತ್ರೆ ಮತ್ತು ಜಂತುಹುಳುವಿನ ಮಾತ್ರೆ ಈ ಕಾರಣದಿಂದ ಓಟದ ಸಿದ್ಧತೆಯ ಭಾಗವೇ ಆಗಿವೆ. ಸೊಪ್ಪು, ಸಜ್ಜೆ, ಮೊಳಕೆಕಾಳುಗಳೊಡನೆ ನಿಂಬೆ ಅಥವಾ ನೆಲ್ಲಿಕಾಯಿ ಸೇರಿದರೆ ಕಬ್ಬಿಣಾಂಶ ಹೆಚ್ಚಾಗಿ ಹೀರಲ್ಪಡುತ್ತದೆ. ಊಟದ ಜೊತೆಯ ಚಹಾ, ಕಾಫಿ ಅದನ್ನು ತಡೆಯುತ್ತವೆ.

7. ಎಚ್ಚರಿಕೆಗಳು

2024ರ ಆಗಸ್ಟ್–ಸೆಪ್ಟೆಂಬರ್‌ನಲ್ಲಿ ಝಾರ್ಖಂಡ್ ರಾಜ್ಯದ ಅಬಕಾರಿ ಕಾನ್‌ಸ್ಟೆಬಲ್ ನೇಮಕಾತಿಯಲ್ಲಿ ಪುರುಷರಿಗೆ ಒಂದು ಗಂಟೆಯಲ್ಲಿ 10 ಕಿ.ಮೀ. ಓಟವನ್ನು ವಿಧಿಸಲಾಗಿತ್ತು. ಆ ಪರೀಕ್ಷೆಯ ಸಂದರ್ಭದಲ್ಲಿ ಹತ್ತಕ್ಕೂ ಹೆಚ್ಚು ಅಭ್ಯರ್ಥಿಗಳು ಮೃತಪಟ್ಟರು. ಪರೀಕ್ಷೆಯನ್ನು ಕೆಲವು ದಿನ ನಿಲ್ಲಿಸಬೇಕಾಯಿತು. ಉದ್ಯೋಗದ ಆಸೆಯು ದೇಹದ ಎಚ್ಚರಿಕೆಯ ದನಿಯನ್ನು ಅಡಗಿಸಬಾರದೆಂಬುದನ್ನು ಪ್ರತಿಯೊಬ್ಬ ವಿದ್ಯಾರ್ಥಿಗೂ ಮನದಟ್ಟು ಮಾಡಬೇಕು.

• ಓಡುವಾಗ ಎದೆನೋವು, ತಲೆಸುತ್ತು, ಮೂರ್ಛೆ ಬಂದವರು ಹಾಗೂ ಕುಟುಂಬದಲ್ಲಿ ಎಳೆಯ ವಯಸ್ಸಿನ ಹಠಾತ್ ಮರಣ ಸಂಭವಿಸಿದವರು ವೈದ್ಯರನ್ನು ಕಾಣದೆ ಅಭ್ಯಾಸ ಮುಂದುವರಿಸಬಾರದು.
• ರಾಯದುರ್ಗ, ಸೊಲ್ಲಾಪುರಗಳಂತಹ ಬಿಸಿಲ ಸೀಮೆಯಲ್ಲಿ ಬೇಸಗೆಯ ಓಟ ಬೆಳಗ್ಗೆ ಎಂಟರೊಳಗೆ ಮುಗಿಯಬೇಕು.
• ಬೆವರು ಹೆಚ್ಚು ಹೋದಾಗ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಚಹಾಚಮಚ ಸಕ್ಕರೆ, ಅರ್ಧ ಚಹಾಚಮಚ ಉಪ್ಪು ಬೆರೆಸಿ ಕುಡಿಸಬಹುದು.
• ಮೈ ಕಾದು ಮಾತು ತಡವರಿಸಿದರೆ ಅದು ಬಿಸಿಲಾಘಾತ. ನೆರಳಿಗೆ ತಂದು, ಮೈಗೆ ನೀರು ಸುರಿದು ಗಾಳಿ ಹಾಕುತ್ತ, 108ಕ್ಕೆ ಕರೆ ಮಾಡಬೇಕು.
• ಉತ್ತೇಜಕ ಔಷಧಿಗಳು ಹೃದಯದ ಬಡಿತವನ್ನೂ ಮೈಯ ಕಾವನ್ನೂ ಅಪಾಯಕ್ಕೆ ಏರಿಸುತ್ತವೆ. ನೀರು ಕಡಿಮೆಯಾದ ದೇಹಕ್ಕೆ ನೋವಿನ ಮಾತ್ರೆಯು ಮೂತ್ರಪಿಂಡಗಳ ಹಾನಿಯನ್ನು ತರಬಲ್ಲದು. ಇವೆರಡೂ ವರ್ಜ್ಯ.

8. ಶಾಲೆಯಲ್ಲಿ ಮಾಡಬಹುದಾದ ಕಾರ್ಯಗಳು

• ಗಣಿತ: ಮೇಲಿನ ಪರೀಕ್ಷೆಗಳ ಓಟವನ್ನು 400 ಮೀಟರಿನ ಸಮಯಕ್ಕೆ ಪರಿವರ್ತಿಸಿ ಹೋಲಿಸುವುದು. ಆಂಧ್ರದ ಮಾನದಂಡವು 120 ಸೆಕೆಂಡು, ಕೇರಳದ್ದು ಸುಮಾರು 92 ಸೆಕೆಂಡು ಎಂದು ತಿಳಿದಾಗ ಗುರಿಯು ಕಣ್ಣಿಗೆ ಕಟ್ಟುತ್ತದೆ.
• ವಿಜ್ಞಾನ: ಓಟದ ಮುನ್ನ, ಓಟ ಮುಗಿದೊಡನೆ, ಐದು ನಿಮಿಷಗಳ ಬಳಿಕ ನಾಡಿಬಡಿತವನ್ನು ಎಣಿಸಿ ನಕ್ಷೆ ಬರೆಯುವುದು. ಅಭ್ಯಾಸ ಹೆಚ್ಚಿದಂತೆ ಬಡಿತವು ಬೇಗ ಇಳಿಯುವುದನ್ನು ಗಮನಿಸುವುದು.
• ಭಾಷೆ: ರಾಜ್ಯಭಾಷೆಯ ಒಂದು ಅಧಿಸೂಚನೆಯನ್ನು ಓದಿ ಅದರ ನಿಯಮಗಳನ್ನು ಕನ್ನಡದಲ್ಲಿ ಬರೆಯುವುದು.
• ದೈಹಿಕ ಶಿಕ್ಷಣ: ಎಂಟನೆಯ ತರಗತಿಯಿಂದಲೇ ಪ್ರತಿ ವಿದ್ಯಾರ್ಥಿಯ 600 ಮೀ. ಓಟದ ಸಮಯ, ಎತ್ತರ, ತೂಕಗಳನ್ನು ವರ್ಷಕ್ಕೆ ಎರಡು ಬಾರಿ ದಾಖಲಿಸುವುದು. ಹುಡುಗಿಯರಿಗೂ ಮೈದಾನದ ಅವಧಿಯನ್ನು ಸಮನಾಗಿ ಹಂಚುವುದು.

ಸಮವಸ್ತ್ರದ ಹುದ್ದೆ ಎಲ್ಲರಿಗೂ ದೊರೆಯುವುದಿಲ್ಲ. ಆದರೆ ಈ ಕ್ರಮದಲ್ಲಿ ಎರಡು ಮೂರು ವರ್ಷ ಓಡಿ, ಉಂಡು, ನಿದ್ರಿಸಿದ ವಿದ್ಯಾರ್ಥಿಗೆ ಗಟ್ಟಿಮುಟ್ಟಾದ ದೇಹ ಉಳಿಯುತ್ತದೆ. ಹೊಲದಲ್ಲಿ ದುಡಿದರೂ ಕಚೇರಿಯಲ್ಲಿ ಕುಳಿತರೂ ಅದು ಅವರದೇ.