ನಿಮಗಿದು ಗೊತ್ತೇ? ಹಳೆಯ ಕಾರು, ಪೆಟ್ರೋಲ್ ವಾಸನೆ ಮತ್ತು ಟ್ಯಾಂಕಿನ ಉಸಿರು

"ಕಾರು ಹಳೆಯದಾಯಿತು, ಒಂದಿಷ್ಟು ಪೆಟ್ರೋಲ್ ವಾಸನೆ ಇದ್ದದ್ದೇ" ಎಂದು ಸುಮ್ಮನಾಗುವವರು ಬಹಳ ಮಂದಿ. ಆದರೆ ಕಾರ್ಖಾನೆಯಿಂದ ಹೊರಬಿದ್ದಾಗ ಆ ಕಾರು ಹೀಗೆ ನಾರುತ್ತಿರಲಿಲ್ಲ. ಇಂದು ನಾರುತ್ತಿದೆ ಎಂದರೆ ಎಲ್ಲೋ ಒಂದು ರಬ್ಬರ್ ಬಿರಿದಿದೆ, ಪ್ಯಾಕಿಂಗ್ ಒಣಗಿದೆ, ಇಲ್ಲವೇ ಟ್ಯಾಂಕಿಗೆ ಗಾಳಿ ಹೋಗಿಬರುವ ದಾರಿ ಕೆಟ್ಟಿದೆ. ಇವೆಲ್ಲ ಸರಿಪಡಿಸಬಹುದಾದ ದೋಷಗಳು. ಸರಿಪಡಿಸುವ ಮುನ್ನ ತಿಳಿದಿರಬೇಕಾದ ಕೆಲವು ಸಂಗತಿಗಳು ಇಲ್ಲಿವೆ.

ಆವಿಯ ಸ್ವಭಾವ

● ಉರಿಯುವುದು ದ್ರವ ಪೆಟ್ರೋಲ್ ಅಲ್ಲ, ಅದರ ಆವಿ. ಸೊನ್ನೆಗಿಂತ ಸುಮಾರು 40 ಡಿಗ್ರಿ ಸೆಲ್ಸಿಯಸ್ ಕೆಳಗಿನ ಕೊರೆಯುವ ಚಳಿಯಲ್ಲೂ ಕಿಡಿ ತಾಗಿದರೆ ಹೊತ್ತಿಕೊಳ್ಳುವಷ್ಟು ಆವಿಯನ್ನು ಪೆಟ್ರೋಲ್ ಬಿಡುತ್ತಿರುತ್ತದೆ. ಅಂದಮೇಲೆ ನಮ್ಮ ಬೇಸಿಗೆಯಲ್ಲಿ ಅದು ಎಷ್ಟು ಆವಿ ಬಿಡಬಹುದು, ನೀವೇ ಊಹಿಸಿ.

● ಗಾಳಿಯಲ್ಲಿ ಪೆಟ್ರೋಲ್ ಆವಿಯ ಪಾಲು ಸುಮಾರು ಶೇ. 1.4ರಿಂದ 7.6ರೊಳಗೆ ಇದ್ದಾಗ ಮಾತ್ರ ಅದು ಹೊತ್ತಿಕೊಳ್ಳುತ್ತದೆ. ತುಂಬಿದ ಟ್ಯಾಂಕಿನೊಳಗೆ ಆವಿ ಇದಕ್ಕಿಂತ ದಟ್ಟವಾಗಿರುತ್ತದೆ. ಬರಿದಾದ ಟ್ಯಾಂಕಿನಲ್ಲಿ ಗಾಳಿ ಬೆರೆತು ಈ ಪ್ರಮಾಣಕ್ಕೆ ಇಳಿಯಬಹುದು. ಹಾಗಾಗಿ ಖಾಲಿ ಟ್ಯಾಂಕ್ ತುಂಬಿದ ಟ್ಯಾಂಕಿಗಿಂತ ಹೆಚ್ಚು ಅಪಾಯಕಾರಿ.

● 1996ರ ಜುಲೈ 17ರಂದು ನ್ಯೂಯಾರ್ಕಿನಿಂದ ಹೊರಟ ಟಿಡಬ್ಲ್ಯುಎ 800 ವಿಮಾನ ಆಕಾಶದಲ್ಲೇ ಸಿಡಿದು 230 ಜನ ಸತ್ತರು. ಹೆಚ್ಚುಕಡಿಮೆ ಬರಿದಾಗಿದ್ದ ಮಧ್ಯದ ಇಂಧನ ಟ್ಯಾಂಕಿನೊಳಗಿನ ಬಿಸಿ ಆವಿ ಹೊತ್ತಿಕೊಂಡದ್ದೇ ಕಾರಣವೆಂದು ತನಿಖೆ ಹೇಳಿತು. ಅಲ್ಲಿದ್ದದ್ದು ಪೆಟ್ರೋಲ್ ಕೂಡ ಅಲ್ಲ, ಅದಕ್ಕಿಂತ ನಿಧಾನವಾಗಿ ಆವಿಯಾಗುವ ವಿಮಾನ ಇಂಧನ.

● ಪೆಟ್ರೋಲ್ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಅದು ಮೇಲೇರಿ ಹೋಗದೆ ನೆಲಕ್ಕಿಳಿದು, ಗ್ಯಾರೇಜಿನ ಗುಂಡಿಯಲ್ಲಿ, ಡಿಕ್ಕಿಯ ತಳದಲ್ಲಿ, ಸೀಟಿನ ಕೆಳಗೆ ಮಡುಗಟ್ಟುತ್ತದೆ. ಎತ್ತರದಲ್ಲಿ ಒಂದು ಕಿಟಕಿ ತೆರೆದಿಟ್ಟರೆ ಸಾಲದು; ನೆಲಮಟ್ಟದಲ್ಲೂ ಗಾಳಿ ಆಡಬೇಕು.

● ಒಂದೇ ವಾಸನೆಯಲ್ಲಿ ಕೆಲವು ನಿಮಿಷ ಕಳೆದರೆ ಮೂಗು ಅದಕ್ಕೆ ಒಗ್ಗಿಹೋಗುತ್ತದೆ. "ಈಗ ವಾಸನೆ ಹೋಯಿತು" ಎಂದು ಚಾಲಕ ಹೇಳಿದರೆ ನಂಬಬೇಡಿ. ಹೊರಗಿನಿಂದ ಆಗಷ್ಟೇ ಬಂದವರನ್ನು ಕೇಳಿ.

● ಪೆಟ್ರೋಲಿನಲ್ಲಿರುವ ಬೆಂಜೀನ್ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆಂದು ಖಚಿತಪಟ್ಟ ರಾಸಾಯನಿಕ. ಭಾರತದಲ್ಲಿ ಪೆಟ್ರೋಲಿನಲ್ಲಿ ಅದರ ಪಾಲು ಶೇ. 1 ಮೀರಬಾರದೆಂಬ ಮಿತಿ ಇದೆ. ಮಕ್ಕಳನ್ನು ಹಿಂದಿನ ಸೀಟಿನಲ್ಲಿ ಕೂರಿಸುವವರು ಇದನ್ನು ನೆನಪಿಡಬೇಕು.

ಟ್ಯಾಂಕಿಗೂ ಉಸಿರು ಬೇಕು

● ಎಂಜಿನ್ ಒಂದು ಲೀಟರ್ ಪೆಟ್ರೋಲ್ ಕುಡಿದರೆ ಟ್ಯಾಂಕಿನೊಳಗೆ ಒಂದು ಲೀಟರ್ ಗಾಳಿ ಬರಬೇಕು. ಆ ದಾರಿ ಮುಚ್ಚಿದರೆ ಒಳಗೆ ನಿರ್ವಾತ ಬೆಳೆದು, ಪಂಪ್ ಎಷ್ಟು ಎಳೆದರೂ ಪೆಟ್ರೋಲ್ ಬಾರದು. ಒತ್ತಡ ತೀರಾ ಕುಸಿದರೆ ತಗಡಿನ ಟ್ಯಾಂಕ್ ಒಳಮುಖವಾಗಿ ನಜ್ಜುಗುಜ್ಜಾಗುವುದೂ ಉಂಟು.

● ಕಾರು ಸ್ವಲ್ಪ ದೂರ ಓಡಿ ನಿಲ್ಲುತ್ತದೆ, ಕಾದರೆ ಮತ್ತೆ ಹೊರಡುತ್ತದೆಯೇ? ನಿಂತ ಕೂಡಲೇ ಟ್ಯಾಂಕಿನ ಮುಚ್ಚಳ ತೆರೆಯಿರಿ. ಗಾಳಿ ಸುಂಯ್ ಎಂದು ಒಳನುಗ್ಗಿ ಕಾರು ತಕ್ಷಣ ಚಾಲೂ ಆದರೆ ಕಾರ್ಬೊರೇಟರ್ ಬಿಚ್ಚುವ ಅಗತ್ಯವಿಲ್ಲ. ಬ್ರೀದರ್, ಅಂದರೆ ಟ್ಯಾಂಕಿಗೆ ಗಾಳಿ ಹೋಗಿಬರುವ ದಾರಿ, ಕಟ್ಟಿಕೊಂಡಿದೆ ಎಂದೇ ಅರ್ಥ.

● ಹೊರಮುಖದ ದಾರಿಯೂ ಅಷ್ಟೇ ಮುಖ್ಯ. ಉಷ್ಣಾಂಶ ಒಂದು ಡಿಗ್ರಿ ಏರಿದರೆ ಪೆಟ್ರೋಲ್ ಸುಮಾರು ಸಾವಿರದಲ್ಲೊಂದು ಪಾಲು ಹಿಗ್ಗುತ್ತದೆ. ನೆಲದಡಿಯ ತಂಪು ಟ್ಯಾಂಕಿನಿಂದ ಬಂದ 50 ಲೀಟರ್ ಪೆಟ್ರೋಲ್ ಬಿಸಿಲಲ್ಲಿ 20 ಡಿಗ್ರಿ ಬಿಸಿಯಾದರೆ ಹತ್ತಿರ ಹತ್ತಿರ ಒಂದು ಲೀಟರ್ ಹೆಚ್ಚುತ್ತದೆ. ಕತ್ತಿನವರೆಗೆ ತುಂಬಿಸಿದ್ದರೆ ಅದು ಹೊರಗೆ ಬರಲೇಬೇಕು.

● 20 ಲೀಟರಿನ ಜೆರ್ರಿಕ್ಯಾನ್ 1930ರ ದಶಕದಲ್ಲಿ ಜರ್ಮನ್ ಸೇನೆಗಾಗಿ ರೂಪಿಸಿದ ಡಬ್ಬಿ. ಪೂರ್ತಿ ತುಂಬಿಸಿದರೂ ಹಿಡಿಯ ಕೆಳಗೆ ಗಾಳಿಗೆ ಜಾಗ ಉಳಿಯುವಂತೆ ಅದನ್ನು ಮಾಡಿದ್ದಾರೆ. ಕತ್ತಿನೊಳಗಿನ ಸಣ್ಣ ಗಾಳಿಕೊಳವೆಯಿಂದಾಗಿ ಸುರಿಯುವಾಗ ಪೆಟ್ರೋಲ್ ಗುಳುಗುಳು ಎನ್ನದೆ ಸರಾಗವಾಗಿ ಬರುತ್ತದೆ.

● 1888ರ ಆಗಸ್ಟ್‌ನಲ್ಲಿ ಬರ್ತಾ ಬೆಂಜ್, ಕಾರನ್ನು ರೂಪಿಸಿದ ಗಂಡನಿಗೆ ತಿಳಿಸದೆ, ಮಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ ಕಾರು ಓಡಿಸಿಕೊಂಡು ಹೋದರು. ದಾರಿಯಲ್ಲಿ ವೀಸ್ಲೋಖ್ ಊರಿನ ಔಷಧದಂಗಡಿಯಲ್ಲಿ ಇಂಧನ ಕೊಂಡರು. ಇಂಧನದ ಕೊಳವೆ ಕಟ್ಟಿಕೊಂಡಾಗ ಟೋಪಿಯ ಪಿನ್ನು ತೂರಿಸಿ ಬಿಡಿಸಿದರು. ಮೊದಲ ದೂರಪ್ರಯಾಣದಲ್ಲೇ ಕಾಡಿದ್ದು ಇಂಧನದ ದಾರಿ!

ಟ್ಯಾಂಕ್ ಎಲ್ಲಿ, ವಾಸನೆ ಎಲ್ಲಿ?

● ಫೋರ್ಡ್ ಮಾಡೆಲ್ ಟಿ ಕಾರಿನಲ್ಲಿ (1908–1927) ಪೆಟ್ರೋಲ್ ಪಂಪೇ ಇರಲಿಲ್ಲ. ಹೆಚ್ಚಿನ ಕಾರುಗಳಲ್ಲಿ ಟ್ಯಾಂಕ್ ಮುಂದಿನ ಸೀಟಿನಡಿ. ಪೆಟ್ರೋಲ್ ತಾನಾಗಿ ಇಳಿದು ಎಂಜಿನ್ ಸೇರಬೇಕಿತ್ತು. ಟ್ಯಾಂಕಿನಲ್ಲಿ ಕಡಿಮೆ ಇದ್ದಾಗ ಕಡಿದಾದ ಏರು ಬಂದರೆ ಚಾಲಕರು ಕಾರನ್ನು ತಿರುಗಿಸಿ ರಿವರ್ಸ್‌ನಲ್ಲಿ ಹತ್ತಿಸುತ್ತಿದ್ದರು.

● ಅದರ ನಂತರದ ಮಾಡೆಲ್ ಎ ಕಾರಿನ (1928–1931) ಟ್ಯಾಂಕ್ ಮುಂಗಾಜಿನ ಮುಂದೆ, ಡ್ಯಾಶ್‌ಬೋರ್ಡಿಗೆ ಅಂಟಿಕೊಂಡಂತೆ ಇತ್ತು. ಪೆಟ್ರೋಲ್ ಮೀಟರ್ ನೇರವಾಗಿ ಟ್ಯಾಂಕಿನ ಮೈಗೇ ಕೂತಿತ್ತು. ಅದರ ಪ್ಯಾಕಿಂಗ್ ಸೋರಿದರೆ ಪೆಟ್ರೋಲ್ ಕಾರಿನೊಳಗೇ ತೊಟ್ಟಿಕ್ಕುತ್ತಿತ್ತು.

● ಎರಡನೇ ಮಹಾಯುದ್ಧದ ವಿಲ್ಲೀಸ್ ಜೀಪಿನಲ್ಲಿ ಚಾಲಕ ಕೂರುತ್ತಿದ್ದದ್ದು ಪೆಟ್ರೋಲ್ ಟ್ಯಾಂಕಿನ ಮೇಲೆ. ಭಾರತದಲ್ಲಿ ಮಹೀಂದ್ರಾ ಜೋಡಿಸಿದ ಸಿಜೆ3ಬಿ ಜೀಪಿನಲ್ಲೂ ಟ್ಯಾಂಕ್ ಅಲ್ಲೇ. ಇಂಥ ಜೀಪಿನಲ್ಲಿ ಘಾಟು ಬಂದರೆ ಮೊದಲು ಸೀಟು ಎತ್ತಿ ನೋಡಿ.

● ಹಳೆಯ ಫೋಕ್ಸ್‌ವ್ಯಾಗನ್ ಬೀಟಲ್‌ನಲ್ಲಿ ಎಂಜಿನ್ ಹಿಂದೆ, ಟ್ಯಾಂಕ್ ಮುಂದೆ. 1967ರ ಮಾದರಿಯವರೆಗೆ ಪೆಟ್ರೋಲ್ ಹಾಕಿಸಲು ಮುಂದಿನ ಬಾನೆಟ್ ಎತ್ತಬೇಕಿತ್ತು. 1968ರ ಮಾದರಿಯಿಂದ ಹೊರಗಡೆ ಪುಟ್ಟ ಬಾಗಿಲು ಬಂತು. ಟ್ಯಾಂಕ್ ಸವಾರರ ಕಾಲಿನ ಮುಂದೆಯೇ ಇರುವುದರಿಂದ ಕತ್ತಿನ ರಬ್ಬರ್, ಬ್ರೀದರ್ ಹೋಸ್, ಟ್ಯಾಂಕಿನಲ್ಲಿ ಪೆಟ್ರೋಲ್ ಮಟ್ಟ ಅಳೆಯುವ ಮೀಟರ್ ಯೂನಿಟ್ಟಿನ ಪ್ಯಾಕಿಂಗ್ ಯಾವುದು ಬಿರಿದರೂ ವಾಸನೆ ಒಳಗೇ ಬರುತ್ತದೆ.

● ಮೊದಲ ತಲೆಮಾರಿನ ಫೋರ್ಡ್ ಮಸ್ಟಾಂಗ್‌ನಲ್ಲಿ, 1970ರ ಮಾದರಿಯವರೆಗೆ, ಡಿಕ್ಕಿಯ ನೆಲವೇ ಪೆಟ್ರೋಲ್ ಟ್ಯಾಂಕಿನ ಮೇಲ್ಭಾಗ! ಪೆಟ್ರೋಲ್ ತುಂಬುವ ಕೊಳವೆಯೂ ಡಿಕ್ಕಿಯೊಳಗಿಂದಲೇ ಹಾಯುತ್ತದೆ. ಆ ಕೊಳವೆಯ ರಬ್ಬರ್ ಒಣಗಿದರೆ ಆವಿ ಡಿಕ್ಕಿ ತುಂಬಿ, ಹಿಂದಿನ ಸೀಟಿನ ಸಂದಿಯಿಂದ ಒಳಗೆ ನುಸುಳುತ್ತದೆ.

● 1968ರಲ್ಲಿ ಬಂದ ಜಾಗ್ವಾರ್ ಎಕ್ಸ್‌ಜೆ6 ಕಾರಿಗೆ ಎರಡು ಟ್ಯಾಂಕ್, ಎರಡು ಮುಚ್ಚಳ, ಹಿಂದಿನ ಒಂದೊಂದು ಪಕ್ಕಕ್ಕೆ ಒಂದೊಂದು. ವಾಸನೆ ಹುಡುಕುವವರಿಗೆ ಕೆಲಸವೂ ಎರಡರಷ್ಟು.

ಇದ್ದಿಲು ಬಂದ ಬಗೆ

● 1960ರ ದಶಕದವರೆಗೆ ಟ್ಯಾಂಕಿನ ಆವಿ ಮುಚ್ಚಳದ ರಂಧ್ರದಿಂದಲೋ ಸಣ್ಣ ಕೊಳವೆಯಿಂದಲೋ ನೇರ ಗಾಳಿಗೆ ಸೇರುತ್ತಿತ್ತು. ಹೊಗೆಮಂಜಿನಿಂದ ಬೇಸತ್ತ ಕ್ಯಾಲಿಫೋರ್ನಿಯಾ 1970ರ ಮಾದರಿಯ ಕಾರುಗಳಿಂದ ಇದಕ್ಕೆ ತಡೆ ಹಾಕಿತು. ಮರುವರ್ಷದ ಮಾದರಿಗಳಿಂದ ಇಡೀ ಅಮೆರಿಕದಲ್ಲಿ ಆ ನಿಯಮ ಬಂತು.

● ಆಗ ಬಂದದ್ದೇ ಇದ್ದಿಲಿನ ಡಬ್ಬಿ, ಅಂದರೆ ಚಾರ್ಕೋಲ್ ಕ್ಯಾನಿಸ್ಟರ್. ಕಟ್ಟಿಗೆ, ತೆಂಗಿನ ಚಿಪ್ಪು ಮುಂತಾದವುಗಳಿಂದ ತಯಾರಾಗುವ ಸಕ್ರಿಯ ಇದ್ದಿಲಿನ ಒಂದೇ ಗ್ರಾಮಿನೊಳಗಿನ ರಂಧ್ರಗಳ ಮೈ ಬಿಡಿಸಿ ಹಾಸಿದರೆ ಸಾವಿರ ಚದರ ಮೀಟರ್ ಆಗಬಹುದು. ಕಾರು ನಿಂತಾಗ ಆವಿ ಅದಕ್ಕೆ ಅಂಟಿಕೊಳ್ಳುತ್ತದೆ. ಎಂಜಿನ್ ಓಡುವಾಗ ಅದರ ಸೆಳೆತಕ್ಕೆ ಸಿಕ್ಕಿ, ಸುಟ್ಟು ಮುಗಿಯುತ್ತದೆ.

● ಈ ಬದಲಾವಣೆಯಿಂದ ಮುಚ್ಚಳದಲ್ಲೂ ಎರಡು ಜಾತಿಯಾಯಿತು: ರಂಧ್ರ ಇರುವುದು, ಇಲ್ಲದ್ದು. ಬೇರೆ ಬ್ರೀದರ್ ಇಲ್ಲದ ಹಳೆಯ ಕಾರಿಗೆ ರಂಧ್ರವಿಲ್ಲದ ಮುಚ್ಚಳ ಹಾಕಿದರೆ ಕಾರು ದಾರಿಯಲ್ಲಿ ನಿಲ್ಲುತ್ತದೆ. ಕ್ಯಾನಿಸ್ಟರ್ ಇರುವ ಕಾರಿಗೆ ರಂಧ್ರದ ಮುಚ್ಚಳ ಹಾಕಿದರೆ ವಾಸನೆ ಹೊರಬರುತ್ತದೆ. ಅಳತೆ ಕೂತರೆ ಸಾಲದು, ಜಾತಿಯೂ ಸರಿಯಿರಬೇಕು.

● ಬಂಕಿನಲ್ಲಿ ನಾಝಲ್ ಟಕ್ ಎಂದು ನಿಂತ ಮೇಲೂ "ಇನ್ನೊಂದು ಸ್ವಲ್ಪ ಹಾಕಿ" ಎನ್ನುತ್ತೀರಾ? ಆ ಸ್ವಲ್ಪ ಪೆಟ್ರೋಲ್ ಬ್ರೀದರ್ ಕೊಳವೆಗೆ, ಅಲ್ಲಿಂದ ಕ್ಯಾನಿಸ್ಟರಿಗೆ ಇಳಿಯಬಹುದು. ದ್ರವದಲ್ಲಿ ನೆನೆದ ಇದ್ದಿಲು ಆವಿ ಹಿಡಿಯುವ ಶಕ್ತಿ ಕಳೆದುಕೊಳ್ಳುತ್ತದೆ.

ಇಂದಿನ ಪೆಟ್ರೋಲ್, ಅಂದಿನ ರಬ್ಬರ್

● ಶೇ. 20 ಎಥನಾಲ್ ಬೆರೆತ ಇ20 ಪೆಟ್ರೋಲಿಗೆ ಪ್ರಧಾನಿ ನರೇಂದ್ರ ಮೋದಿ ಚಾಲನೆ ಕೊಟ್ಟದ್ದು ನಮ್ಮ ಬೆಂಗಳೂರಿನಲ್ಲಿ, 2023ರ ಫೆಬ್ರವರಿ 6ರಂದು. ಹಳೆಯ ಕಾರುಗಳ ಮೂಲ ರಬ್ಬರ್ ಹೋಸ್‌ಗಳು ಎಥನಾಲನ್ನು ಲೆಕ್ಕಕ್ಕಿಟ್ಟು ಮಾಡಿದವಲ್ಲ. ಅವು ಉಬ್ಬುತ್ತವೆ, ಮೆತ್ತಗಾಗುತ್ತವೆ, ಬಿರಿಯುತ್ತವೆ.

● ಹೊಸ ಹೋಸ್ ಕೊಳ್ಳುವಾಗ ಅದರ ಮೈಮೇಲಿನ ಅಚ್ಚು ಓದಿ. ಎಸ್‌ಎಇ ಜೆ30 ಆರ್9 ಎಂದಿದ್ದರೆ ಎಥನಾಲ್ ತಾಳುವ, ಆವಿಯನ್ನು ಸುಲಭವಾಗಿ ಹೊರಬಿಡದ ಒಳಪದರ ಅದರಲ್ಲಿದೆ. ಅಗ್ಗದ ಹೋಸ್‌ನಿಂದ ಒಂದು ತೊಟ್ಟೂ ಸೋರದೆಯೇ ವಾಸನೆ ಬರಬಹುದು, ಏಕೆಂದರೆ ಆವಿ ರಬ್ಬರಿನ ಮೈಯಿಂದಲೇ ಹೊರಬರುತ್ತದೆ.

● ಅಂಬಾಸಿಡರ್, ಫಿಯೆಟ್ ಕಾಲದ ಚಾಲಕರು ಶಿರಾಡಿ, ಚಾರ್ಮಾಡಿಯಂಥ ಘಟ್ಟ ಹತ್ತುವಾಗ ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕುತ್ತಿದ್ದರು. ಬಿಸಿಗೆ ಪೈಪಿನಲ್ಲೇ ಪೆಟ್ರೋಲ್ ಕುದಿದು, ಆವಿ ಅಡ್ಡ ನಿಂತಾಗ ಅದು ಸರಿಯಾದ ಉಪಾಯವೇ. ಆದರೆ ಮುಚ್ಚಳ ತೆರೆದೊಡನೆ ಕಾರು ಸರಿಹೋದರೆ ದೋಷ ಬ್ರೀದರಿನದು. ಬಟ್ಟೆ ಅಲ್ಲಿ ಕೆಲಸಕ್ಕೆ ಬಾರದು.

ಹುಡುಕುವ ಕ್ರಮ

● ವಾಸನೆ ಬರುವ ಹೊತ್ತೇ ಅದರ ವಿಳಾಸ ಹೇಳುತ್ತದೆ. ಟ್ಯಾಂಕ್ ತುಂಬಿಸಿದಾಗ, ತಿರುವಿನಲ್ಲಿ ಬಂದರೆ ಕತ್ತಿನ ರಬ್ಬರ್ ಇಲ್ಲವೇ ಮೀಟರ್ ಯೂನಿಟ್ಟಿನ ಪ್ಯಾಕಿಂಗ್. ಬಿಸಿ ಎಂಜಿನ್ ಆಫ್ ಮಾಡಿದ ಮೇಲೆ ಬಂದರೆ ಕಾರ್ಬೊರೇಟರ್. ಓಡುವಾಗ ಮಾತ್ರ ಬಂದರೆ ಡಿಕ್ಕಿ ಬಾಗಿಲಿನ ರಬ್ಬರ್, ಏಕೆಂದರೆ ಓಡುವ ಕಾರಿನ ಬೆನ್ನ ಹಿಂದೆ ಸುಳಿಯುವ ಗಾಳಿ ಅಲ್ಲಿಂದ ಒಳನುಗ್ಗುತ್ತದೆ.

● ಕಾರ್ಬೊರೇಟರಿನ ಹಿತ್ತಾಳೆ ಫ್ಲೋಟ್ ಸೂಜಿಮೊನೆಯಷ್ಟು ತೂತಾದರೂ ಒಳಗೆ ಪೆಟ್ರೋಲ್ ತುಂಬಿ ಮುಳುಗುತ್ತದೆ. ಆಗ ಪೆಟ್ರೋಲ್ ಒಳಬರುವುದನ್ನು ತಡೆಯುವ ನೀಡಲ್ ವಾಲ್ವ್ ಮುಚ್ಚದೆ ಪೆಟ್ರೋಲ್ ಉಕ್ಕುತ್ತದೆ. ಫ್ಲೋಟ್ ಬಿಚ್ಚಿ ಕಿವಿಯ ಬಳಿ ಅಲುಗಾಡಿಸಿ. ಒಳಗೆ ಕುಲುಕಿದರೆ ಬದಲಿಸಿ.

● ಸೋರಿಕೆ ಹುಡುಕಲು ಬೆಂಕಿಕಡ್ಡಿ, ಉರಿಯುವ ದೀಪ, ಉದ್ದ ವೈರಿನ ಬಲ್ಬು ಬೇಡವೇ ಬೇಡ. ಸಂದಿಗಳ ಸುತ್ತ ಕಂದು ಕಲೆ ಕಂಡರೆ ಅಲ್ಲಿ ಪೆಟ್ರೋಲ್ ಒಸರಿ ಆರಿದೆ ಎಂದರ್ಥ. ಒಣ ಸೀಮೆಸುಣ್ಣದ ಪುಡಿ ಸವರಿದರೆ ಹಸಿಯಾದ ಜಾಗ ಬೇಗ ಎದ್ದು ಕಾಣುತ್ತದೆ.

● ಬ್ರೀದರ್ ಕೊಳವೆ ಟ್ಯಾಂಕಿನ ಅತಿ ಎತ್ತರದ ಬಿಂದುವಿನಿಂದ ಹೊರಟು, ಇನ್ನೂ ಮೇಲೇರಿ, ಬಳಿಕ ಕಾರಿನ ಹೊರಗೆ ಇಳಿಯಬೇಕು. ಅದರ ಬಾಯಿ ಸೈಲೆನ್ಸರ್ ಪೈಪಿನಿಂದ ದೂರವಿರಬೇಕು, ಡಿಕ್ಕಿಯೊಳಗೆ ಎಂದೂ ತೆರೆದಿರಬಾರದು. ಕಾರು ಮಗುಚಿದರೆ ಪೆಟ್ರೋಲ್ ಹರಿಯದಂತೆ ತಡೆಯುವ ರೋಲ್‌ಓವರ್ ವಾಲ್ವ್ ಸೇರಿಸಿದರೆ ಇನ್ನೂ ಒಳ್ಳೆಯದು.

● ತೂತಾದ ಟ್ಯಾಂಕಿಗೆ ಕಂಡಕಂಡಲ್ಲಿ ವೆಲ್ಡಿಂಗ್ ಮಾಡಿಸಬೇಡಿ. ಎಷ್ಟೋ ದಿನ ಖಾಲಿ ಇದ್ದರೂ ತುಕ್ಕು, ಜಿಗುಟಿನೊಳಗೆ ಪೆಟ್ರೋಲ್ ಅಡಗಿದ್ದು ಕಾವಿಗೆ ಆವಿಯಾಗುತ್ತದೆ. ಇಂಥ ಟ್ಯಾಂಕ್ ಸಿಡಿದು ಕೆಲಸಗಾರರು ಜೀವ ಕಳೆದುಕೊಂಡದ್ದಿದೆ. ಹಬೆಯಲ್ಲಿ ತೊಳೆದು, ಒಳಗಿನ ಆವಿ ತೆಗೆದು ಕೆಲಸ ಮಾಡುವ ಅನುಭವಿಗಳಿಗೇ ಕೊಡಿ.

● ಪೆಟ್ರೋಲ್ ಬೆಂಕಿಗೆ ನೀರು ಎರಚಿದರೆ ಪೆಟ್ರೋಲ್ ನೀರಿನ ಮೇಲೆ ತೇಲಿ ಬೆಂಕಿ ಹರಡುತ್ತದೆ. ಒಣಪುಡಿಯ ಅಗ್ನಿಶಾಮಕ ಕೈಗೆಟಕುವಲ್ಲಿರಲಿ. ಕೆಲಸ ಶುರು ಮಾಡುವ ಮೊದಲು ಬ್ಯಾಟರಿಯ ವೈರ್ ಕಳಚಿ.

● ಭಾರತದಲ್ಲಿ 50 ವರ್ಷ ದಾಟಿದ, ಮೂಲರೂಪ ಉಳಿಸಿಕೊಂಡ ವಾಹನಕ್ಕೆ 2021ರ ನಿಯಮದಂತೆ 'ವಿಎ' ಅಕ್ಷರಗಳಿರುವ ವಿಂಟೇಜ್ ನೋಂದಣಿ ಸಿಗುತ್ತದೆ. ಇಂಥ ಕಾರುಗಳನ್ನು ಜತನವಾಗಿಟ್ಟ ಸಂಗ್ರಹ ನೋಡಬೇಕೆಂದರೆ ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯಕ್ಕೆ ಹೋಗಿಬನ್ನಿ.

ಅಜ್ಜನೋ ಅಪ್ಪನೋ ಓಡಿಸಿದ ಕಾರನ್ನು ಉಳಿಸಿಕೊಳ್ಳುವುದು ಪ್ರೀತಿಯ ಕೆಲಸ. ಆ ಪ್ರೀತಿ ಬಣ್ಣ, ಕ್ರೋಮಿಗೆ ಮುಗಿಯದೆ ಕಣ್ಣಿಗೆ ಕಾಣದ ಹೋಸ್, ಪ್ಯಾಕಿಂಗಿನವರೆಗೂ ಹೋಗಲಿ. ವಾಸನೆ ಮುಚ್ಚಲು ಸುಗಂಧದ ಡಬ್ಬಿ ತೂಗುಹಾಕಬೇಡಿ. ಮುಚ್ಚಳ, ಕತ್ತಿನ ರಬ್ಬರ್, ಮೀಟರ್ ಯೂನಿಟ್ಟಿನ ಪ್ಯಾಕಿಂಗ್, ಬ್ರೀದರ್ ಕೊಳವೆ, ಕಾರ್ಬೊರೇಟರ್, ಈ ಐದನ್ನೂ ಇದೇ ವಾರ ಒಮ್ಮೆ ಪರೀಕ್ಷಿಸಿ. ವಾಸನೆ ಪೂರ್ತಿ ನಿಂತ ಮೇಲೆಯೇ ಮನೆಯವರನ್ನು ಕೂರಿಸಿಕೊಂಡು ಹೊರಡಿ.