ಪರರ ಹೆಸರಿಗೆ ಸರಕು ತಯಾರಿಸಲು ಕೆಲವು ಉದ್ಯಮಿಗಳು ಏಕೆ ಒಪ್ಪುವುದಿಲ್ಲ?

ಸಣ್ಣ ಕೈಗಾರಿಕೆ ನಡೆಸುವ ಬಹುತೇಕರಿಗೆ ಒಂದಲ್ಲ ಒಂದು ಸಂದರ್ಭದಲ್ಲಿ ಇಂತಹ ಬೇಡಿಕೆ ಬರುವುದುಂಟು. ದೊಡ್ಡ ಸಂಸ್ಥೆಯೊಂದು ಸರಕಿನ ಗುಣಮಟ್ಟವನ್ನು ಮೆಚ್ಚಿಕೊಂಡು, ‘ಮಾಲು ನಿಮ್ಮದಿರಲಿ, ಹೆಸರು ನಮ್ಮದಿರಲಿ’ ಎನ್ನುತ್ತದೆ. ಮಾರಾಟದ ಚಿಂತೆಯಿಲ್ಲ, ಜಾಹೀರಾತಿನ ಖರ್ಚಿಲ್ಲ, ಯಂತ್ರಗಳು ಖಾಲಿ ನಿಲ್ಲುವುದಿಲ್ಲ. ಆದರೂ ಕೆಲವು ಉದ್ಯಮಿಗಳು ಈ ಬೇಡಿಕೆಯನ್ನು ನಯವಾಗಿ ನಿರಾಕರಿಸುತ್ತಾರೆ. ಮೇಲ್ನೋಟಕ್ಕೆ ಇದು ಒಣ ಪ್ರತಿಷ್ಠೆಯೆನಿಸಬಹುದು. ಆದರೆ ಅದರ ಹಿಂದೆ ಶುದ್ಧ ವ್ಯಾಪಾರಿ ಲೆಕ್ಕಾಚಾರವೂ ಇರಬಲ್ಲದು ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಮೊರಿಟಾ ತಳ್ಳಿಹಾಕಿದ ಒಂದು ಲಕ್ಷ ರೇಡಿಯೋಗಳು

ಈ ವಿಷಯದಲ್ಲಿ ಪ್ರಸಿದ್ಧವಾದ ನಿದರ್ಶನ ಜಪಾನಿನದು. 1946ರಲ್ಲಿ ಮಸಾರು ಇಬುಕಾ ಮತ್ತು ಅಕಿಯೋ ಮೊರಿಟಾ ಅವರು ಟೋಕಿಯೋದಲ್ಲಿ ಸಣ್ಣ ಸಂಸ್ಥೆಯೊಂದನ್ನು ಸ್ಥಾಪಿಸಿದರು. 1955ರಲ್ಲಿ ಮೊರಿಟಾ ಅವರು ತಮ್ಮ ಟ್ರಾನ್ಸಿಸ್ಟರ್ ರೇಡಿಯೋವನ್ನು ಮಾರಲು ಅಮೆರಿಕಕ್ಕೆ ತೆರಳಿದಾಗ, ಅಲ್ಲಿನ ಹೆಸರಾಂತ ಬುಲೋವಾ ಸಂಸ್ಥೆ ಒಂದು ಲಕ್ಷ ರೇಡಿಯೋಗಳಿಗೆ ಬೇಡಿಕೆ ಮುಂದಿಟ್ಟಿತು. ಷರತ್ತು ಒಂದೇ: ರೇಡಿಯೋಗಳ ಮೇಲೆ ಬುಲೋವಾ ಹೆಸರಿರಬೇಕು. ಆ ಬೇಡಿಕೆಯ ಮೌಲ್ಯ ಮೊರಿಟಾ ಅವರ ಸಂಸ್ಥೆಯ ಬಂಡವಾಳಕ್ಕಿಂತ ಹಲವು ಪಟ್ಟು ಹೆಚ್ಚಾಗಿತ್ತು. ಒಪ್ಪಿಕೊಳ್ಳುವಂತೆ ಟೋಕಿಯೋದಿಂದ ಸಂದೇಶವೂ ಬಂದಿತು. ಮೊರಿಟಾ ನಿರಾಕರಿಸಿದರು. ಅವರು ಉಳಿಸಿಕೊಂಡ ಹೆಸರು ‘ಸೋನಿ’. 1958ರಲ್ಲಿ ಸಂಸ್ಥೆಯೇ ಆ ಹೆಸರನ್ನು ತಳೆಯಿತು. ಅತ್ತ ಬುಲೋವಾ ಸಂಸ್ಥೆಯನ್ನು 2008ರಲ್ಲಿ ಜಪಾನಿನ ಸಿಟಿಜನ್ ಸಂಸ್ಥೆ ಖರೀದಿಸಿತು.

ಅದೇ ಕಾಲದ ಇನ್ನೊಂದು ಪ್ರಸಂಗ ನಮ್ಮಂತಹ ಲೆಕ್ಕಿಗರಿಗೆ ಇನ್ನೂ ಸ್ವಾರಸ್ಯಕರವಾದುದು. ಅನೇಕ ಮಳಿಗೆಗಳಿದ್ದ ಮತ್ತೊಬ್ಬ ಅಮೆರಿಕನ್ ಖರೀದಿದಾರರು 5,000ದಿಂದ 1,00,000ದವರೆಗಿನ ವಿವಿಧ ಪ್ರಮಾಣಗಳಿಗೆ ದರಪಟ್ಟಿ ಕೇಳಿದರು. ಪ್ರಮಾಣ ಹೆಚ್ಚಿದಂತೆ ದರ ಇಳಿಯುವುದು ವಾಡಿಕೆ. ಮೊರಿಟಾ ಅವರ ಪಟ್ಟಿಯಲ್ಲಿ 10,000ಕ್ಕೆ ಅತಿ ಕಡಿಮೆ ದರವಿತ್ತು. ಆನಂತರ ದರ ಏರುತ್ತಾ ಹೋಗಿ, ಒಂದು ಲಕ್ಷಕ್ಕೆ 5,000ದ ದರಕ್ಕಿಂತಲೂ ಹೆಚ್ಚಾಗಿತ್ತು. ಕಾರಣ ಸರಳ. ಒಂದು ಲಕ್ಷ ರೇಡಿಯೋ ತಯಾರಿಸಲು ಕಾರ್ಖಾನೆಯನ್ನು ವಿಸ್ತರಿಸಬೇಕು, ಹೊಸಬರನ್ನು ನೇಮಿಸಬೇಕು. ಮರುವರ್ಷ ಅಷ್ಟೇ ಬೇಡಿಕೆ ಬಾರದಿದ್ದರೆ ಆ ಭಾರವೆಲ್ಲ ತಯಾರಕನ ತಲೆಯ ಮೇಲೆ. ಖರೀದಿದಾರರು ಈ ವಾದವನ್ನೊಪ್ಪಿ 10,000 ರೇಡಿಯೋಗಳನ್ನು ಕೊಂಡರು.

ಒಂದು ಕಾಲ್ಪನಿಕ ಲೆಕ್ಕ

ಸಾಂಬಾರ್ ಪುಡಿ ತಯಾರಿಸುವ ಘಟಕವೊಂದನ್ನು ಊಹಿಸಿಕೊಳ್ಳೋಣ. ತಿಂಗಳ ಉತ್ಪಾದನಾ ಸಾಮರ್ಥ್ಯ 10,000 ಕಿಲೋ. ಸ್ಥಿರ ವೆಚ್ಚ ರೂ. 3,00,000. ಸ್ವಂತ ಹೆಸರಿನಲ್ಲಿ ಮಾರಿದ ಪ್ರತಿ ಕಿಲೋದಿಂದ, ಕಚ್ಚಾ ಸಾಮಗ್ರಿ ಹಾಗೂ ಮಾರಾಟ ವೆಚ್ಚ ಕಳೆದು ರೂ. 60 ಉಳಿಯುತ್ತದೆ. ಇದನ್ನೇ ನಾವು ‘ಕಾಂಟ್ರಿಬ್ಯೂಷನ್’ ಎನ್ನುತ್ತೇವೆ. ಮಾರಾಟ 4,000 ಕಿಲೋ ಆದರೆ ರೂ. 2,40,000 ದೊರೆತು, ತಿಂಗಳಿಗೆ ರೂ. 60,000 ನಷ್ಟ.

ಆಗ ದೊಡ್ಡ ಖರೀದಿದಾರರೊಬ್ಬರು ತಮ್ಮ ಹೆಸರಿನ ಪೊಟ್ಟಣಗಳಲ್ಲಿ 6,000 ಕಿಲೋ ಕೇಳುತ್ತಾರೆ. ಇಲ್ಲಿ ಕಿಲೋಗೆ ಉಳಿಯುವುದು ರೂ. 15 ಮಾತ್ರ. ಆದರೂ ರೂ. 90,000 ಸೇರಿ, ನಷ್ಟ ತೊಲಗಿ ರೂ. 30,000 ಲಾಭವಾಗುತ್ತದೆ. ಇಲ್ಲಿಯವರೆಗೆ ಒಪ್ಪಿದ್ದು ಸರಿಯೇ.

ಮರುವರ್ಷ ಅವರು 8,000 ಕಿಲೋ ಕೇಳುತ್ತಾರೆ. ಸಾಮರ್ಥ್ಯ ಅಷ್ಟೇ ಇರುವುದರಿಂದ ಸ್ವಂತ ಹೆಸರಿನ ಮಾರಾಟ 2,000 ಕಿಲೋಗೆ ಇಳಿಯುತ್ತದೆ. ಎರಡೂ ಕಡೆಯಿಂದ ತಲಾ ರೂ. 1,20,000 ಬಂದು, ಒಟ್ಟು ರೂ. 2,40,000 ಆಗುತ್ತದೆ. ಯಂತ್ರಗಳಿಗೆ ಬಿಡುವಿಲ್ಲ, ಆದರೆ ನಷ್ಟ ಮತ್ತೆ ಹಳೆಯ ರೂ. 60,000. ಇದರ ಮೇಲೆ ಖರೀದಿದಾರರು ಕಿಲೋಗೆ ರೂ. 3 ದರ ಇಳಿಸಿದರೆ ನಷ್ಟ ರೂ. 84,000ಕ್ಕೆ ಏರುತ್ತದೆ. ಶೇಕಡಾ 80ರಷ್ಟು ಮಾಲು ಒಬ್ಬರಿಗೇ ಹೋಗುತ್ತಿರುವಾಗ ಚೌಕಾಸಿ ಮಾಡುವ ಶಕ್ತಿಯಾದರೂ ಎಲ್ಲಿರುತ್ತದೆ?

ಮೊದಲಿನ ನಷ್ಟ ನೀಗಲು ಸ್ವಂತ ಹೆಸರಿನಲ್ಲಿ ಇನ್ನು 1,000 ಕಿಲೋ ಮಾರಿದ್ದರೆ ಸಾಕಾಗಿತ್ತು ಎಂಬುದು ಗಮನಾರ್ಹ. ಪರರ ಹೆಸರಿನಲ್ಲಾದರೆ ಅದೇ ಹಣಕ್ಕೆ 4,000 ಕಿಲೋ ಬೇಕು. ಸ್ವಂತ ಮಾರಾಟ ಬೆಳೆಸುವುದು ಕಷ್ಟ ನಿಜ. ಆದರೆ ಬೆಳೆದದ್ದು ನಮ್ಮಲ್ಲಿಯೇ ಉಳಿಯುತ್ತದೆ.

ಆಸ್ತಿ ಪಟ್ಟಿಯಲ್ಲಿ ಕಾಣದ ಆಸ್ತಿ

ಇಷ್ಟಾದರೂ ಅನೇಕರು ಎಡವುವುದೇಕೆ? ಇದಕ್ಕೆ ನಮ್ಮ ಲೆಕ್ಕಪತ್ರ ಪದ್ಧತಿಯೂ ಸ್ವಲ್ಪ ಕಾರಣ. ಲೆಕ್ಕಪತ್ರ ಮಾನದಂಡ 26ರ ಪ್ರಕಾರ, ಸಂಸ್ಥೆಯು ತಾನೇ ಬೆಳೆಸಿದ ಬ್ರಾಂಡನ್ನು ಆಸ್ತಿಯೆಂದು ಬ್ಯಾಲೆನ್ಸ್ ಶೀಟಿನಲ್ಲಿ ತೋರಿಸುವಂತಿಲ್ಲ. ಅದಕ್ಕೆ ಮಾಡಿದ ಜಾಹೀರಾತಿನ ಖರ್ಚು ಮಾತ್ರ ಲಾಭ-ನಷ್ಟ ಪಟ್ಟಿಯಲ್ಲಿ ಎದ್ದು ಕಾಣುತ್ತದೆ. ಹೀಗಾಗಿ ಸ್ವಂತ ಹೆಸರಿಗೆ ದುಡಿದ ವರ್ಷ ಪುಸ್ತಕದಲ್ಲಿ ಬಡವಾಗಿಯೂ, ಪರರ ಹೆಸರಿಗೆ ದುಡಿದ ವರ್ಷ ಸಂಪನ್ನವಾಗಿಯೂ ತೋರುತ್ತದೆ. ನಿಜಸ್ಥಿತಿ ತದ್ವಿರುದ್ಧವಾಗಿರಬಹುದು.

ಪೊಟ್ಟಣದ ಮೇಲೆ ತಯಾರಕರ ಹೆಸರು ವಿಳಾಸ ಇರಬೇಕೆಂದು 2011ರ ಪೊಟ್ಟಣ ಸರಕುಗಳ ನಿಯಮಗಳು ಹೇಳುತ್ತವೆಯಾದರೂ, ಸಣ್ಣ ಅಕ್ಷರದ ಆ ಸಾಲನ್ನು ಓದಿ ಸರಕು ಕೊಳ್ಳುವವರು ವಿರಳ. ಗ್ರಾಹಕರು ನೆನಪಿಡುವುದು ಮುಂಭಾಗದ ಹೆಸರನ್ನು. ನಾಳೆ ಖರೀದಿದಾರರು ತಯಾರಕರನ್ನು ಬದಲಾಯಿಸಿದರೆ ಗ್ರಾಹಕರಿಗೆ ತಿಳಿಯುವುದೂ ಇಲ್ಲ.

ಒಪ್ಪುವುದಾದರೆ

ಎಲ್ಲರೂ ನಿರಾಕರಿಸಬೇಕೆಂಬುದು ನನ್ನ ಅಭಿಪ್ರಾಯವಲ್ಲ. ಬಳಕೆಯಾಗದ ಸಾಮರ್ಥ್ಯಕ್ಕೆ ಇಂತಹ ಕೆಲಸ ವರದಾನವೇ ಸರಿ. ಆದರೆ ಕೆಳಗಿನ ಅಂಶಗಳನ್ನು ಲಿಖಿತ ಒಪ್ಪಂದದಲ್ಲಿ ಸೇರಿಸಿಕೊಳ್ಳುವುದು ಕ್ಷೇಮ:

1. ಸ್ವಂತ ಹೆಸರಿನಲ್ಲಿ ಅದೇ ಸರಕನ್ನು ಮಾರುವ ಹಕ್ಕು ತಯಾರಕರಿಗೆ ಉಳಿಯಬೇಕು. ಪಾಕವಿಧಾನ, ಅಚ್ಚು, ವಿನ್ಯಾಸ ಯಾರ ಸ್ವತ್ತೆಂಬುದು ಸ್ಪಷ್ಟವಾಗಿರಬೇಕು.

2. ಕನಿಷ್ಠ ಖರೀದಿ ಪ್ರಮಾಣ ಹಾಗೂ ಒಪ್ಪಂದ ಕೊನೆಗೊಳಿಸಲು ಮುಂಗಡ ಸೂಚನೆಯ ಅವಧಿ ನಮೂದಾಗಬೇಕು.

3. ಹಣ ಪಾವತಿಯ ಗಡುವು ಇರಬೇಕು. 2006ರ ಎಂ.ಎಸ್.ಎಂ.ಇ.ಡಿ. ಕಾಯ್ದೆಯಂತೆ, ಸೂಕ್ಷ್ಮ ಹಾಗೂ ಸಣ್ಣ ಉದ್ದಿಮೆಗಳಿಗೆ ಒಪ್ಪಂದವಿದ್ದರೂ 45 ದಿನ ಮೀರುವಂತಿಲ್ಲ. ಮೀರಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಸಲ್ಲುತ್ತದೆ.

4. ಸ್ವಂತ ಹೆಸರನ್ನು 1999ರ ಟ್ರೇಡ್ ಮಾರ್ಕ್ ಕಾಯ್ದೆಯಡಿ ನೋಂದಾಯಿಸಿಕೊಳ್ಳಬೇಕು. ನೋಂದಣಿ ಹತ್ತು ವರ್ಷಗಳದು, ನವೀಕರಿಸಬಹುದು. ಆದರೆ ಐದು ವರ್ಷಕ್ಕೂ ಮಿಕ್ಕಿ ನಿರಂತರವಾಗಿ ಬಳಸದಿದ್ದರೆ, ಬಾಧಿತರು ಅದರ ರದ್ದತಿಗೆ ಅರ್ಜಿ ಸಲ್ಲಿಸಬಹುದು. ಆದುದರಿಂದ ಪರರ ಕೆಲಸದ ಭರಾಟೆಯಲ್ಲಿ ಸ್ವಂತ ಹೆಸರಿನ ಮಾರಾಟವನ್ನು ಪೂರ್ಣವಾಗಿ ನಿಲ್ಲಿಸುವುದು ತರವಲ್ಲ.

ಸದಸ್ಯ ಬಾಂಧವರು ಕಳೆದ ಮೂರು ವರ್ಷಗಳ ಮಾರಾಟವನ್ನು ಸ್ವಂತ ಹೆಸರಿನದು, ಪರರ ಹೆಸರಿನದು ಎಂದು ಎರಡು ಕಲಂಗಳಲ್ಲಿ ಬರೆದು, ಪ್ರತಿಯೊಂದರ ಎದುರು ಕಾಂಟ್ರಿಬ್ಯೂಷನ್ ನಮೂದಿಸಿ ನೋಡಬೇಕೆಂದು ಕೋರುತ್ತೇನೆ. ಮೊದಲನೆಯ ಕಲಂ ವರ್ಷದಿಂದ ವರ್ಷಕ್ಕೆ ಕರಗುತ್ತಿದ್ದರೆ, ಒಟ್ಟು ವಹಿವಾಟು ಎಷ್ಟೇ ಏರಿದ್ದರೂ, ಮುಂದಿನ ಬೇಡಿಕೆಗೆ ಸಹಿ ಹಾಕುವ ಮುನ್ನ ತಮ್ಮ ಲೆಕ್ಕ ಪರಿಶೋಧಕರೊಡನೆ ಒಮ್ಮೆ ಕುಳಿತು ಮಾತನಾಡುವುದು ಒಳಿತು.